ವಿನಾಶ್ ದೋಣಿಯ ಚೌಕ ಗೂಡುಗಳು

ಕಾರವಾರ, 2024 ಡಿಸೆಂಬರ್ 8, ಭಾನುವಾರ

ಮಳೆಗಾಲದ ತೇವ ಗೋಡೆಗಳಿಂದ ಪೂರ್ತಿ ಇಳಿದು, ಬಳಿದ ಬಣ್ಣ ಒಂದೇ ರಾತ್ರಿಯಲ್ಲಿ ಒಣಗುವಂಥ ಹವೆ ಬಂದಿರುವುದರಿಂದ, ಜೂನ್ ತಿಂಗಳಲ್ಲಿ ಬಟ್ಟೆ ಸುತ್ತಿ ಕಪಾಟಿನ ಮೇಲಿಟ್ಟಿದ್ದ ದೋಣಿಯನ್ನು ಈ ವಾರ ಮತ್ತೆ ಮೇಜಿಗೆ ಇಳಿಸಿದ್ದೇನೆ. ನೌಕಾಪಡೆಯ ಕ್ಷಿಪಣಿ ದೋಣಿ ಐಎನ್‌ಎಸ್ ವಿನಾಶ್‌ನ ಮಾದರಿ ಅದು. 1:72ರ ಪ್ರಮಾಣದಲ್ಲಿ ಕಟ್ಟುತ್ತಿರುವುದರಿಂದ 38.6 ಮೀಟರ್ ಉದ್ದದ ದೋಣಿ ನನ್ನ ಮೇಜಿನ ಮೇಲೆ 536 ಮಿಲಿಮೀಟರ್ ಆಗುತ್ತದೆ. ಇಂದಿನ ತಾರೀಖಿಗೂ ಅದಕ್ಕೂ ನಂಟಿದೆ. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್ ಮತ್ತು ವೀರ್ ದೋಣಿಗಳು ಕರಾಚಿಯ ಮೇಲೆ ನಡೆಸಿದ ಆಪರೇಷನ್ ಟ್ರೈಡೆಂಟ್ ಎಲ್ಲರಿಗೂ ಗೊತ್ತು. ನೌಕಾಪಡೆಯ ದಿನವನ್ನು ನಾವು ಆಚರಿಸುವುದು ಅದೇ ನೆನಪಿಗೆ. ಅದಾದ ನಾಲ್ಕು ದಿನಗಳಿಗೆ, ಡಿಸೆಂಬರ್ 8ರ ರಾತ್ರಿ, ತ್ರಿಶೂಲ್ ಮತ್ತು ತಲ್ವಾರ್ ಎಂಬ ಎರಡು ಫ್ರಿಗೇಟ್ ಯುದ್ಧನೌಕೆಗಳ ಜೊತೆಗೆ ಮತ್ತೆ ಕರಾಚಿಯತ್ತ ಹೋಗಿ ತನ್ನ ನಾಲ್ಕೂ ಕ್ಷಿಪಣಿಗಳನ್ನು ಹಾರಿಸಿ ಬಂದದ್ದು ವಿನಾಶ್. ಆ ಕಾರ್ಯಾಚರಣೆಗೆ ಪೈಥಾನ್ ಎಂದು ಹೆಸರಿಟ್ಟಿದ್ದರು.

ಕಾರವಾರದಲ್ಲಿದ್ದುಕೊಂಡು ಕ್ಷಿಪಣಿ ದೋಣಿ ಕಟ್ಟುವುದೆಂದರೆ ಸುಲಭದ ಕೆಲಸವೆಂದು ಹೊರಗಿನ ಹವ್ಯಾಸಿ ಗೆಳೆಯರು ತಿಳಿದಿದ್ದಾರೆ. ಟ್ಯಾಗೋರ್ ಕಡಲತೀರದಲ್ಲಿ 2006ರಿಂದ ಐಎನ್‌ಎಸ್ ಚಪಲ್ ಸಂಗ್ರಹಾಲಯವಾಗಿ ನಿಂತಿದೆ, ಟಿಕೆಟು ಕೊಂಡು ಹತ್ತಿ ಮುಟ್ಟಿ ನೋಡಬಹುದು, ಇದಕ್ಕಿಂತ ಇನ್ನೇನು ಬೇಕು ಎಂಬುದು ಅವರ ವಾದ. ಆದರೆ ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಎಪ್ಪತ್ತೊಂದರ ಯುದ್ಧ ಮುಗಿದು ಸುಮಾರು ಐದು ವರ್ಷಗಳಾದ ಮೇಲೆ. ಅದು ಸೋವಿಯತ್ ಒಕ್ಕೂಟದ ಓಸಾ-2 ವರ್ಗದ ದೋಣಿ, ವಿನಾಶ್ ಓಸಾ-1 ವರ್ಗದ್ದು. ದೂರದಿಂದ ನೋಡಿದರೆ ಒಡಲು ಒಂದೇ, ಹಿಂದೆ ಮುಂದೆ ಕೂತ ಫಿರಂಗಿ ಗೋಪುರಗಳೂ ಒಂದೇ. ಬೇರೆಯಾಗಿರುವುದು ಕ್ಷಿಪಣಿಯ ಗೂಡುಗಳು. ಚಪಲ್ ಮೇಲಿರುವ ನಾಲ್ಕು ಗೂಡುಗಳು ಉರುಟಾದ ಕೊಳವೆಗಳಾದರೆ, ವಿನಾಶ್ ಮೇಲಿದ್ದವು ಚೌಕಾಕಾರದ ದೊಡ್ಡ ಪೆಟ್ಟಿಗೆಗಳು.

ಈ ವ್ಯತ್ಯಾಸದ ಮೂಲ ದೋಣಿಯಲ್ಲಿಲ್ಲ, ಕ್ಷಿಪಣಿಯಲ್ಲಿದೆ. ಮೊದಲಿನ ಪಿ-15 ಕ್ಷಿಪಣಿ 5.8 ಮೀಟರ್ ಉದ್ದವಿದ್ದು, ಅದರ ರೆಕ್ಕೆಗಳು ಒಡಲಿಗೆ ಬಿಗಿದು ಕೂತಂಥವು. ಒಂದು ತುದಿಯಿಂದ ಇನ್ನೊಂದಕ್ಕೆ 2.4 ಮೀಟರ್. ಚಾಚಿದ ರೆಕ್ಕೆಯೊಂದಿಗೇ ಅದನ್ನು ಒಳಗೆ ತಳ್ಳಿ ಹಳಿಯ ಮೇಲೆ ಕೂರಿಸಬೇಕಾಗಿದ್ದರಿಂದ ಗೂಡು ಅಷ್ಟು ಅಗಲವಾಗಲೇಬೇಕಾಗಿತ್ತು. ಮುಂದಿನ ಆವೃತ್ತಿಯಲ್ಲಿ ರೆಕ್ಕೆ ಮಡಚುವಂತಾಯಿತು. ಮಡಚಿದ ರೆಕ್ಕೆಗೆ ಕೊಳವೆ ಸಾಕಾಯಿತು. ಗೂಡು ಚೌಕವೋ ಉರುಟೋ ಎಂಬುದಕ್ಕೆ ಕ್ಷಿಪಣಿಯ ರೆಕ್ಕೆ ಉತ್ತರ ಹೇಳುತ್ತದೆ ಎಂಬುದು ತಿಳಿದ ಮೇಲೆ, ಮಾದರಿ ಕಟ್ಟುವವನಿಗೆ ಈ ಎರಡು ದೋಣಿಗಳನ್ನು ಬೆರೆಸಲು ಮನಸ್ಸೇ ಬರುವುದಿಲ್ಲ.

ಇಂದು ಬೆಳಿಗ್ಗೆ ಹತ್ತಕ್ಕೆಲ್ಲ ಚಪಲ್ ಹತ್ತಿರ ಹೋದೆ. ನೌಕಾ ದಿನದ ವಾರದ ಭಾನುವಾರವಾದ್ದರಿಂದ ಜನ ತುಂಬಿದ್ದರು. ನನ್ನ ಮುಂದಿದ್ದ ತಂದೆಯೊಬ್ಬರು ಮಗನಿಗೆ, ಕರಾಚಿಗೆ ಬೆಂಕಿಯಿಟ್ಟ ಹಡಗು ಇದೇ ಎಂದು ತೋರಿಸುತ್ತಿದ್ದರು. ಹುಡುಗನ ಕಣ್ಣು ಅರಳಿದ್ದನ್ನು ನೋಡಿ ನಾನು ಬಾಯಿ ಬಿಡಲಿಲ್ಲ. ನನಗೆ ಬೇಕಾಗಿದ್ದದ್ದು ಎರಡು ವರ್ಗಗಳಿಗೂ ಸಮಾನವಾದ ಭಾಗಗಳ ಅಳತೆ: ಅಂಚಿನ ಕಂಬಿಗಳು, ಅವುಗಳ ನಡುವಿನ ಅಂತರ, ಮತ್ತು ಎಕೆ-230 ಜೋಡಿ ಫಿರಂಗಿಯ ಗೋಪುರ. ಹತ್ತು ಸೆಂಟಿಮೀಟರಿಗೊಂದರಂತೆ ಕೆಂಪು ಬಿಳಿ ಪಟ್ಟೆ ಬಳಿದ ಕೋಲೊಂದನ್ನು ಚೌಕಟ್ಟಿನೊಳಗೆ ನಿಲ್ಲಿಸಿ ಫೋಟೋ ತೆಗೆಯುತ್ತೇನೆ. ಟೇಪು ಹಿಡಿಯಲಾಗದ ಎತ್ತರದ ಭಾಗಗಳನ್ನು ಆಮೇಲೆ ಅದರಿಂದಲೇ ಲೆಕ್ಕ ಹಾಕಬಹುದು. ಹೊರಗೆ ಬಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ ಶೇಂಗಾ ಮಾರುವವರು, "ಇದನ್ನೆಲ್ಲ ಅಳೆದು ಎಂತ ಮಾಡ್ತೀರಿ ಮಾರಾಯ್ರೆ? ಬೋಟು ಇಲ್ಲೇ ಅದೆಯಲ್ಲ" ಎಂದರು. ನ್ಯಾಯವಾದ ಪ್ರಶ್ನೆ. ಅವರ ಶೇಂಗಾ ಕೊಂಡೆ, ಉತ್ತರ ಹೊಳೆಯಲಿಲ್ಲ.

ಚಪಲ್ ನೆರೆಯಲ್ಲೇ ಈಗ ಟುಪಲೇವ್ ಟಿಯು-142 ವಿಮಾನವೂ ಇದೆ. 2017ರ ಮಾರ್ಚ್‌ನಲ್ಲಿ ಸೇವೆಯಿಂದ ನಿವೃತ್ತವಾದ ಈ ಜಾತಿಯ ವಿಮಾನಗಳಲ್ಲಿ ಒಂದನ್ನು ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ರಸ್ತೆಯ ಮೂಲಕ ತಂದು ಇಲ್ಲಿ ಜೋಡಿಸಿದರು. ಮಾದರಿಯ ಬಿಡಿಭಾಗಗಳ ಪೆಟ್ಟಿಗೆ, ಅಂದರೆ ಕಿಟ್ ಜೋಡಿಸುವ ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಕಿಟ್ ಕನಸಿನಲ್ಲೂ ಸಿಗದು. ಅದರ ಉದ್ದ 53 ಮೀಟರ್, ಅಂದರೆ ಪಕ್ಕದ ಯುದ್ಧನೌಕೆಗಿಂತ ವಿಮಾನವೇ ಹದಿನಾಲ್ಕು ಮೀಟರ್ ಉದ್ದ. ಸಮುದ್ರದ ಮೇಲೆ ಹಡಗು, ಅದರ ಮೇಲೆ ಪುಟ್ಟದೊಂದು ವಿಮಾನ ಎಂಬ ಚಿತ್ರ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಎರಡನ್ನೂ ಒಂದೇ ಪ್ರಮಾಣದಲ್ಲಿ ಮಾಡಿ ಅಕ್ಕಪಕ್ಕ ಇಟ್ಟರೆ ನೋಡಿದವರು ನನ್ನ ಲೆಕ್ಕವನ್ನೇ ಅನುಮಾನಿಸುತ್ತಾರೆ.

ಮಧ್ಯಾಹ್ನ ಕಂಬಿಗಳ ಕೆಲಸ. ಬಣ್ಣದ ಪದರ ಸೇರಿ ಕಂಬಿಯ ದಪ್ಪ ಒಂದಂಗುಲದ ಆಸುಪಾಸು ಬಂದಿತ್ತು. 1:72ರಲ್ಲಿ ಅದು 0.35 ಮಿಲಿಮೀಟರ್. ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಕಂಬಿಯನ್ನು ಅಷ್ಟು ತೆಳ್ಳಗೆ ಅಚ್ಚಿನಿಂದ ಬಿಡಿಸುವುದು ಕಷ್ಟ. 0.8 ಮಿಲಿಮೀಟರಿನ ಕಂಬಿಯೆಂದರೆ ನಿಜದ ಅಳತೆಯಲ್ಲಿ 58 ಮಿಲಿಮೀಟರ್ ದಪ್ಪ. ಅಲೆಗೆ ದೋಣಿ ಹೊರಳಿದಾಗ ಹಿಡಿದುಕೊಳ್ಳಲು ಹೋದ ನಾವಿಕನ ಮುಷ್ಟಿ ಪೂರ್ತಿ ಮುಚ್ಚುವುದೂ ಇಲ್ಲ. ಆಮ್ಲದಲ್ಲಿ ಕೊರೆದ ಹಿತ್ತಾಳೆಯ ಹಾಳೆಗಳು ತೆಳ್ಳಗಿರುತ್ತವೆ ನಿಜ, ಆದರೆ ಚಪ್ಪಟೆ. ಚಪ್ಪಟೆ ಕಂಬಿ 1:350ರ ಸಣ್ಣ ಮಾದರಿಯಲ್ಲಿ ಕಣ್ಣಿಗೆ ಬೀಳದು. 1:72ರಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಮೋಟಾರು ಕಾಯಿಲ್ ಕಟ್ಟುವ ಅಂಗಡಿಯಿಂದ ತಂದ 28 ಗೇಜಿನ ತಾಮ್ರದ ತಂತಿಯನ್ನೇ ಬಳಸುತ್ತೇನೆ. ಅದರ ವ್ಯಾಸ 0.376 ಮಿಲಿಮೀಟರ್, ನಿಜದಲ್ಲಿ 27ಕ್ಕೆ ಸಮ. ತಂತಿಯ ಒಂದು ತುದಿಯನ್ನು ಇಕ್ಕಳದಲ್ಲಿ, ಇನ್ನೊಂದನ್ನು ಮೇಜಿನ ವೈಸ್‌ನಲ್ಲಿ ಕಚ್ಚಿಸಿ ಒಮ್ಮೆ ಜಗ್ಗಿದರೆ ಸುರುಳಿಯ ನೆನಪು ಹೋಗಿ ನೆಟ್ಟಗಾಗುತ್ತದೆ. ಮೇಲಿನ ವಾರ್ನಿಷ್ ಪದರವನ್ನು ಉಪ್ಪು ಕಾಗದದಲ್ಲಿ ಉಜ್ಜಿ ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ.

ಫಿರಂಗಿಯ ನಳಿಕೆಗೆ ಔಷಧ ಅಂಗಡಿಯ 22 ಗೇಜಿನ ಇಂಜೆಕ್ಷನ್ ಸೂಜಿ. ಅದರ ಒಳಗಿನ ರಂಧ್ರ 0.41 ಮಿಲಿಮೀಟರ್, ಎಪ್ಪತ್ತೆರಡರಿಂದ ಗುಣಿಸಿದರೆ 29.7. ಎಕೆ-230ರ ಗುಂಡಿನ ವ್ಯಾಸ 30 ಮಿಲಿಮೀಟರ್. ಇಂಥ ಹೊಂದಾಣಿಕೆ ಸಿಕ್ಕ ದಿನ ಊಟ ರುಚಿಸುತ್ತದೆ.

ಚಪಲ್‌ನಿಂದ ತೆಗೆದುಕೊಳ್ಳಬಾರದ್ದು ಇನ್ನೂ ಒಂದಿದೆ, ಅದರ ಮೈಬಣ್ಣ. ಸಂಗ್ರಹಾಲಯವಾದ ಹಡಗಿಗೆ ಬಣ್ಣ ಬಳಿಯುವುದು ನೋಡುಗರಿಗಾಗಿ ಮತ್ತು ಉಪ್ಪುಗಾಳಿಯಿಂದ ಕಬ್ಬಿಣವನ್ನು ಉಳಿಸುವುದಕ್ಕಾಗಿ. ಹೊಳಪು ಜಾಸ್ತಿ, ಪದರಗಳೂ ದಪ್ಪ. ಅದರ ಮೇಲಿನ ತುಕ್ಕು ಕೂಡ ದಡದ ತುಕ್ಕು. ನೀರಿನಲ್ಲಿ ಓಡುವ ದೋಣಿಯಲ್ಲಿ ಲಂಗರಿನ ತೂತಿನ ಕೆಳಗೆ, ನೀರು ಹೊರಬೀಳುವ ಕಿಂಡಿಗಳ ಕೆಳಗೆ ಕಲೆಗಳು ಇಳಿಯುತ್ತವೆ, ಅಲೆ ಅವನ್ನು ಹಿಂದಕ್ಕೆ ಎಳೆಯುತ್ತದೆ. ದಡದ ಮೇಲೆ ನಿಂತ ದೋಣಿಗೆ ಮೇಲಿನಿಂದ ಮಳೆ ಮಾತ್ರ. ಕಂಬಿಯ ಬುಡ, ಬೆಸುಗೆಯ ಸಂದುಗಳಲ್ಲಿ ತುಕ್ಕು ಎದ್ದು ನೆಟ್ಟಗೆ ಕೆಳಗಿಳಿಯುತ್ತದೆ. ನಿಜದ ಹಡಗನ್ನೇ ನೋಡಿ ಮಾಡಿದ್ದೇನೆ ಎಂದು ಈ ನೇರ ಕಲೆಗಳನ್ನು ಹಾಗೇ ಇಳಿಸಿದರೆ, ಅದು ಸಂಗ್ರಹಾಲಯದ ಮಾದರಿಯಾಗುತ್ತದೆಯೇ ಹೊರತು ಯುದ್ಧದೋಣಿಯ ಮಾದರಿಯಲ್ಲ. ಸಂಗ್ರಹಾಲಯವನ್ನೇ ಮಾಡುವುದೂ ತಪ್ಪಲ್ಲ; ಒಳಗೆ ಸಮವಸ್ತ್ರ ತೊಟ್ಟು ನಿಲ್ಲಿಸಿರುವ ಬೊಂಬೆ ನಾವಿಕರನ್ನೂ ಆಗ ಮಾಡಬೇಕು, ಅಷ್ಟೆ. ಕಟ್ಟುವವನು ಮೊದಲು ಮಾದರಿ ಯಾವ ದಿನದ್ದೆಂಬ ತಾರೀಖು ನಿಶ್ಚಯಿಸಬೇಕು ಎಂಬುದು ನನ್ನ ಹಟ. ಹೆಸರು, ವರ್ಗ, ಪ್ರಮಾಣಗಳ ಹಾಗೆ ಅದನ್ನೂ ಪೆಟ್ಟಿಗೆಯ ಮೇಲೆ ಬರೆಯಬೇಕು.

ಸಂಜೆ ಮಾದರಿ ಹವ್ಯಾಸದ ಹಳೆಯ ಪತ್ರಿಕೆಗಳ ಪೆಟ್ಟಿಗೆ ಬಿಚ್ಚಿ ಬಿಸಿಲಿಗೆ ಹಾಕಿದ್ದನ್ನು ಒಳಗೆ ತಂದೆ. ಅಮೆರಿಕದ ಫೈನ್‌ಸ್ಕೇಲ್ ಮಾಡೆಲರ್ 1982ರಲ್ಲಿ ಶುರುವಾದ ಪತ್ರಿಕೆ. ಬ್ರಿಟನ್ನಿನ ಏರ್‌ಫಿಕ್ಸ್ ಮ್ಯಾಗಜೀನ್ ಅದಕ್ಕೂ ಹಳೆಯದು, 1960ರದ್ದು. ಬೆಂಗಳೂರಿನ ಹಳೆ ಪುಸ್ತಕದಂಗಡಿಗಳಲ್ಲಿ ಬಿಡಿ ಸಂಚಿಕೆಗಳಾಗಿ ಸಿಕ್ಕವನ್ನು ಸೇರಿಸುತ್ತ ಬಂದಿದ್ದೇನೆ. ಹುಳ ಹಿಡಿಯದಂತೆ ಕಾಗದದ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕುವ ನಮ್ಮ ಮನೆಗಳ ರೂಢಿ ಪತ್ರಿಕೆಗಳಿಗಾದರೆ ಸರಿ; ಕಿಟ್‌ಗಳಿರುವ ಪೆಟ್ಟಿಗೆಗೆ ಅದನ್ನು ಹಾಕಲೇಬಾರದು, ನ್ಯಾಫ್ತಲೀನಿನ ಆವಿ ಪಾಲಿಸ್ಟೈರೀನನ್ನು ಮೆತ್ತಗಾಗಿಸುತ್ತದೆ. ಪತ್ರಿಕೆಗಳನ್ನು ಸಾಲಾಗಿ ಓದುವವನಿಗೆ ಕಾಣುವುದು ಕಾಲಕಾಲದ ಗೀಳು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಮಾದರಿಕಾರ ಶೆಪರ್ಡ್ ಪೇನ್, ಮಾನೋಗ್ರಾಮ್ ಕಂಪನಿಯ ಕಿಟ್‌ಗಳೊಳಗಿನ ಕರಪತ್ರಗಳ ಮೂಲಕ ಸುತ್ತಲಿನ ನೆಲ, ಜನ ಸಹಿತ ದೃಶ್ಯ ಕಟ್ಟುವುದನ್ನು ಕಲಿಸಿದರು. ಆಮೇಲೆ ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡನ್ ಒಣ ಬ್ರಷ್ಷಿನಿಂದ ಅಂಚುಗಳನ್ನು ಬೆಳಗಿಸುವ ಪದ್ಧತಿಯನ್ನು ಮನೆಮಾತಾಗಿಸಿದರು. ಈಚಿನ ಪುಟಗಳಲ್ಲಿ ತುಕ್ಕಿನದೇ ರಾಜ್ಯ. ಸಿಬ್ಬಂದಿ ದಿನವೂ ಉಜ್ಜಿ ಬಣ್ಣ ಬಳಿಯುವ ನೌಕಾಪಡೆಯ ಹಡಗುಗಳೂ ಆ ಚಿತ್ರಗಳಲ್ಲಿ ಗುಜರಿಗೆ ಹೊರಟಂತೆ ಕಾಣುತ್ತವೆ. ಬೈತಕೋಲ್ ಬಂದರಿನ ಮೀನುಗಾರಿಕೆ ಬೋಟುಗಳಿಗೆ ಅಷ್ಟು ತುಕ್ಕು ಹೊಂದೀತು, ಯುದ್ಧನೌಕೆಗೆ ಹೊಂದದು.

ಪ್ರದರ್ಶನಗಳ ವರದಿಗಳನ್ನೂ ಆ ಸಂಚಿಕೆಗಳಲ್ಲೇ ಓದಿದ್ದು. 1963ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ, ಮಾದರಿ ಕಟ್ಟುವವರ ಐಪಿಎಂಎಸ್ ಸಂಘ ಪ್ರತಿ ನವೆಂಬರ್‌ನಲ್ಲಿ ಟೆಲ್ಫರ್ಡ್‌ನಲ್ಲಿ ಸ್ಕೇಲ್ ಮಾಡೆಲ್‌ವರ್ಲ್ಡ್ ನಡೆಸುತ್ತದೆ. ಜಪಾನಿನ ಶಿಜುವೊಕಾದಲ್ಲಿ ಹಾಬಿ ಶೋ ಮೇ ತಿಂಗಳಿಗೆ. ಸ್ಪರ್ಧೆಗಳಲ್ಲಿ ತೀರ್ಪುಗಾರರು ಸಣ್ಣ ಟಾರ್ಚು ಹಿಡಿದು ಮೊದಲು ನೋಡುವುದು ಮೂಲ ಕೆಲಸವನ್ನು: ಕೂಡುಗೆರೆ ಮುಚ್ಚಿದೆಯೇ, ಅಂಟು ಹೊರಬಂದಿದೆಯೇ, ಎಡಬಲ ಸಮನಾಗಿದೆಯೇ, ಅಂಟಿಸಿದ ಚಿತ್ರದ (ಡೆಕಾಲ್) ಅಂಚು ಹೊಳೆಯುತ್ತದೆಯೇ ಎಂದು. ಕೈಕೆಲಸಕ್ಕೆ ಅದು ನ್ಯಾಯವಾದ ಅಳತೆ. ಆದರೆ ಚಪಲ್‌ನ ಕೊಳವೆಗಳನ್ನು ಹೊತ್ತ ವಿನಾಶ್‌ನ ಸಂದುಗಳೆಲ್ಲ ಚೊಕ್ಕವಾಗಿದ್ದರೆ ಟಾರ್ಚಿನ ಬೆಳಕಿಗೆ ಅದು ಸಿಕ್ಕಿಬೀಳುವುದಿಲ್ಲ. ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಶಿಜುವೊಕಾದಲ್ಲಿ ಕ್ಲಬ್ಬುಗಳು ಒಟ್ಟಾಗಿ ನಡೆಸುವ ಪ್ರದರ್ಶನದ ರೀತಿ. ಅಲ್ಲಿ ಮೇಜಿನ ಹಿಂದೆ ಕಟ್ಟಿದವರೇ ನಿಂತಿರುತ್ತಾರೆ, ಪ್ರಶ್ನೆ ಕೇಳಬಹುದು. 1:700ರಲ್ಲಿ ನೀರಿನ ಮಟ್ಟದಿಂದ ಮೇಲಷ್ಟೇ ಹಡಗು ಮಾಡುವ ವಾಟರ್‌ಲೈನ್ ಸರಣಿ 1971ರಲ್ಲಿ ಮೊದಲಾದದ್ದೂ ಆ ಭಾಗದ ಕಂಪನಿಗಳಿಂದಲೇ. ಆ ಪ್ರಮಾಣದಲ್ಲಿ ವಿನಾಶ್ 55 ಮಿಲಿಮೀಟರ್, ಒಂದು ಬೆಂಕಿಪೊಟ್ಟಣದಷ್ಟು. ನನ್ನ ಕಣ್ಣಿಗೆ ಅದು ಇನ್ನು ಆಗದ ಮಾತು.

ಮೆರಿಟ್ ಕಂಪನಿಯವರು ಓಸಾ-1 ಮತ್ತು ಓಸಾ-2 ಎರಡನ್ನೂ 1:72ರಲ್ಲಿ ಬೇರೆಬೇರೆ ಕಿಟ್‌ಗಳಾಗಿ ಮಾಡಿದ್ದಾರೆ. ತರಿಸಬಾರದೇ ಎಂದು ಕೇಳುವವರಿಗೆ ಸುಂಕದ ಲೆಕ್ಕ ಹೇಳುತ್ತೇನೆ. ಸ್ಕೇಲ್ ಮಾಡೆಲ್‌ಗಳು ಕಸ್ಟಮ್ಸ್ ಪಟ್ಟಿಯಲ್ಲಿ 9503ನೆಯ ಶೀರ್ಷಿಕೆಯಡಿ ಆಟಿಕೆಗಳ ಜೊತೆ ಬರುತ್ತವೆ; ಆ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದರ ಮೇಲೆ ಸಾಗಣೆ ವೆಚ್ಚ. ಬಣ್ಣಗಳದ್ದು ಬೇರೆಯೇ ಕತೆ, ಬೆಂಕಿ ಹತ್ತುವ ದ್ರವವೆಂದು ವಿಮಾನದ ಟಪಾಲಿನಲ್ಲಿ ಅವುಗಳಿಗೆ ಪ್ರವೇಶವಿಲ್ಲ. ಹೀಗಾಗಿ ನನ್ನ ದೋಣಿಯ ಒಡಲು ಶಿರಸಿಯಿಂದ ಬಂದ ಶಿವಣೆ ಮರದ್ದು. ಗುಡಿಗಾರರ ಕೆತ್ತನೆಗೆ ಬಳಕೆಯಾಗುವ ಈ ಮರ ಹಗುರ, ಉಳಿಗೆ ಒಗ್ಗುತ್ತದೆ, ಕರಾವಳಿಯ ತೇವಕ್ಕೂ ಸುಲಭವಾಗಿ ಸೊಟ್ಟಗಾಗುವುದಿಲ್ಲ. ನಕ್ಷೆಯ ಒಂದೊಂದು ಮಟ್ಟಕ್ಕೆ ಒಂದೊಂದು ಹಲಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲುಗಳನ್ನು ಕೆತ್ತಿ ನಯಗೊಳಿಸಿದ್ದೇನೆ. ಮೇಲ್ಕಟ್ಟು ಮಾತ್ರ ಬೋರ್ಡು ಬರೆಯುವ ಅಂಗಡಿಯ ಸನ್‌ಬೋರ್ಡ್ ಚೂರುಗಳದ್ದು. ಅದು ಪಿವಿಸಿಯಾದ್ದರಿಂದ ಪ್ಲಾಸ್ಟಿಕ್ ಕಿಟ್‌ಗಳ ಅಂಟು ಹಿಡಿಯದು, ಫೆವಿಕ್ವಿಕ್ಕೇ ಬೇಕು.

ಇನ್ನು ಗೂಡುಗಳು. ಬಾಗಿಲು ಮುಚ್ಚಿಟ್ಟರೆ ನಾಲ್ಕು ಪೆಟ್ಟಿಗೆ ಅಂಟಿಸಿ ಮುಗಿಸಬಹುದು. ಆದರೆ ನನ್ನ ತಾರೀಖು ಡಿಸೆಂಬರ್ 8. ಅದೂ ಕ್ಷಿಪಣಿಗಳು ಹೋದ ಮೇಲಿನ ಹೊತ್ತು. ಹಾಗಾಗಿ ನಾಲ್ಕರ ಬಾಗಿಲೂ ತೆರೆದಿರಬೇಕು, ಒಳಗೆ ಹಳಿ ಕಾಣಬೇಕು, ಗೂಡುಗಳ ಹಿಂದೆ ಬೆಂಕಿಯುಗುಳಿದ ಕಡೆ ಬಣ್ಣ ಕಮರಿರಬೇಕು. 5.8 ಮೀಟರಿನ ಕ್ಷಿಪಣಿ ಇಲ್ಲಿ 81 ಮಿಲಿಮೀಟರ್, ರೆಕ್ಕೆಯ ಹರವು 33. ಮಾದರಿಯಲ್ಲಿ ಒಂದೂ ಇರುವುದಿಲ್ಲವಾದರೂ, ಗೂಡಿನ ಒಳಗಲ ಸರಿಯಿದೆಯೇ ಎಂದು ತೂರಿಸಿ ನೋಡಲು ರಟ್ಟಿನಲ್ಲಿ ಒಂದು ಕ್ಷಿಪಣಿಯನ್ನು ಇಂದು ರಾತ್ರಿ ಕತ್ತರಿಸಿಟ್ಟಿದ್ದೇನೆ. ಸನ್‌ಬೋರ್ಡಿನ ಮೂರು ಮಿಲಿಮೀಟರ್ ದಪ್ಪ ಗೂಡಿನ ಗೋಡೆಗೆ ವಿಪರೀತವಾದೀತು. ನಾಳೆ ಕೆಲಸ ಮುಗಿಸಿ ಬರುವಾಗ ಅರ್ಧ ಮಿಲಿಮೀಟರಿನ ಹಾಳೆ ಎಲ್ಲಾದರೂ ಸಿಗುತ್ತದೆಯೋ ನೋಡಬೇಕು.