ಮಾರಾದ ಬಯಲಿನಲ್ಲಿ ಗಾಡಿ ನಿಲ್ಲಿಸುವ ಜಾಗ

ಆಫ್ರಿಕಾದ ಬಯಲಿಗೆ ಛಾಯಾಗ್ರಾಹಕರ ತಂಡ ಕಟ್ಟಿಕೊಂಡು ಹೋಗುವವನು ಎಲ್ಲಕ್ಕಿಂತ ಮೊದಲು ಬಗೆಹರಿಸಬೇಕಾದದ್ದು ಸೀಟಿನ ತಕರಾರನ್ನು. ಕಳೆದ ಆಗಸ್ಟಿನಲ್ಲಿ ಆರು ಮಂದಿಯೊಂದಿಗೆ ಕೀನ್ಯಾದ ಮಸಾಯಿ ಮಾರಾ ವನ್ಯಧಾಮಕ್ಕೆ ಹೊರಟಾಗ ಎರಡು ಲ್ಯಾಂಡ್ ಕ್ರೂಸರ್‌ಗಳನ್ನು ಗೊತ್ತುಮಾಡಿದ್ದೆ. ಒಂದೊಂದರಲ್ಲಿ ಮೂವರು ಮಾತ್ರ. ಆರು ಜನಕ್ಕೆ ಎರಡು ಗಾಡಿ ಏಕೆ, ಒಂದರಲ್ಲೇ ಹೊಂದಿಕೊಂಡು ಕೂತರೆ ಖರ್ಚು ಅರ್ಧವಾಗುವುದಿಲ್ಲವೇ ಎಂದು ದಾವಣಗೆರೆಯ ನಿವೃತ್ತ ವೈದ್ಯರೊಬ್ಬರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿಂಹ ಎಡಕ್ಕೆ ಬಂದಾಗ ಬಲಬದಿಯಲ್ಲಿ ಕೂತವರ ಕ್ಯಾಮೆರಾದಲ್ಲಿ ಮೂಡುವುದು ಪಕ್ಕದವರ ಕಿವಿ ಮಾತ್ರ. ಒಬ್ಬೊಬ್ಬರಿಗೆ ಒಂದು ಪೂರ್ತಿ ಸಾಲು ಇದ್ದರೆ ಪ್ರಾಣಿ ಯಾವ ಕಡೆ ತಿರುಗಿದರೂ ಅತ್ತ ಸರಿದು, ಕಿಟಕಿಯ ಅಂಚಿನ ಮೇಲೆ ಲೆನ್ಸ್ ಇಟ್ಟು ತೆಗೆಯಬಹುದು. ಮುಂದಿನ ಸಾಲಿನವರ ಮೇಲೆ ಹಿಂದಿನವರಿಗೆ ಹೊಟ್ಟೆಯುರಿ ಬಾರದಿರಲೆಂದು ದಿನಕ್ಕೊಮ್ಮೆ ಸಾಲು ಬದಲಾಯಿಸುವ ಪಟ್ಟಿಯನ್ನೂ ಮನೆಯಲ್ಲೇ ಬರೆದುಕೊಂಡಿದ್ದೆ.

ನೈರೋಬಿಯಿಂದ ಮಾರಾಕ್ಕೆ ಪುಟ್ಟ ವಿಮಾನದಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಆದರೆ ಅದರಲ್ಲಿ ತಲೆಗೆ 15 ಕಿಲೋ ಸಾಮಾನಿಗಷ್ಟೇ ಅವಕಾಶ, ನಮ್ಮವರ ಲೆನ್ಸುಗಳೇ ಅದರ ಅರ್ಧ ತೂಗುತ್ತಿದ್ದವು. ಹಾಗಾಗಿ ರಸ್ತೆಯ ದಾರಿ ಹಿಡಿದೆವು. ಮಹಾಕಂದರ ಕಣಿವೆಯ ಅಂಚಿನಿಂದ ಕೆಳಗಿಳಿಯುವ ಆ ದಾರಿಯಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳು ಕಟ್ಟಿದ ಒಂದು ಪುಟ್ಟ ಚರ್ಚಿದೆ. ಅಲ್ಲಿ ಎರಡು ನಿಮಿಷ ನಿಂತು ಮುಂದೆ ಸಾಗಿದೆವು. ಹೆಚ್ಚು ಹೊತ್ತು ನಿಂತದ್ದು ನಾರೋಕ್ ಪೇಟೆಯ ಒಂದು ದಿನಸಿ ಅಂಗಡಿಯಲ್ಲಿ. ಕ್ಯಾಮೆರಾ ಇಡಲು ಬೇಕಾಗುವ ಬೀನ್‌ಬ್ಯಾಗುಗಳನ್ನು ನಾನು ಊರಿನಿಂದ ಖಾಲಿ ಚೀಲಗಳಾಗಿ ತರುತ್ತೇನೆ. ಅಲ್ಲಿ ಒಣ ಅವರೆಜಾತಿಯ ಕಾಳು ಕೊಂಡು ತುಂಬಿಸಿ, ವಾಪಸು ಬರುವಾಗ ಕಾಳನ್ನು ಶಿಬಿರದ ಅಡುಗೆಮನೆಗೆ ಕೊಟ್ಟುಬಿಡುವುದು ರೂಢಿ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ' ಎನ್ನುತ್ತಾರೆ, ವಾಹನಕ್ಕೆ 'ಗಾರಿ' ಎನ್ನುತ್ತಾರೆ. ಹಿಂದೂ ಮಹಾಸಾಗರದ ವ್ಯಾಪಾರ ಬಿಟ್ಟುಹೋದ ಈ ಮಾತುಗಳು ಕಿವಿಗೆ ಬಿದ್ದಮೇಲೆ ನಮ್ಮವರ ಅರ್ಧ ಅಂಜಿಕೆ ಇಳಿದುಹೋಯಿತು.

'ಸಫಾರಿ' ಎಂಬುದೂ ಸ್ವಾಹಿಲಿಯ ಮಾತೇ. ಅದರ ಅರ್ಥ ಬರಿಯ ಪ್ರಯಾಣ, ಬೇರು ಅರಬ್ಬಿಯದು. ಬಂದೂಕು ಹಿಡಿದ ಬಿಳಿಯರಿಂದಾಗಿ ಆ ಪದಕ್ಕೆ ಬೇಟೆಯ ವಾಸನೆ ಹತ್ತಿತು. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿದ ಮೇಲೆ ಅಲ್ಲಿ ಸಫಾರಿಯೆಂದರೆ ನೋಡುವುದು ಮತ್ತು ಚಿತ್ರ ತೆಗೆಯುವುದು ಎಂದಾಯಿತು. ಈಗ ಅದೊಂದು ಕಲಿತು ಮಾಡುವ ವೃತ್ತಿ. ಅಲ್ಲಿನ ವೃತ್ತಿಪರ ಸಫಾರಿ ಮಾರ್ಗದರ್ಶಕರ ಸಂಘವು ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳ ಪರೀಕ್ಷೆ ನಡೆಸುತ್ತದೆ. ನಮ್ಮ ಗಾಡಿಯನ್ನು ನಡೆಸುತ್ತಿದ್ದ, ಮಸಾಯಿ ಬುಡಕಟ್ಟಿನ ಗೃಹಸ್ಥರು ಬೆಳ್ಳಿಯ ಹಂತದವರು. ನಾನು ಬೆಂಗಳೂರಿನಿಂದ ಜನರನ್ನು ಕರೆತಂದು ಕ್ಯಾಮೆರಾದ ವಿಷಯ ಹೇಳಿಕೊಡುವವನು, ಅವರು ಆ ನೆಲವನ್ನು ಬಲ್ಲವರು. ಈ ಎರಡು ಕೆಲಸಗಳ ನಡುವಿನ ಗೆರೆಯನ್ನು ನಾನು ಒಮ್ಮೆ ಮರೆತೆ. ಆ ಸಂಗತಿ ನದಿಯ ದಂಡೆಯಲ್ಲಿ ನಡೆದದ್ದು, ಅದಕ್ಕೆ ಇನ್ನೂ ಕೆಲವು ದಿನ ಬಾಕಿಯಿತ್ತು.

ಮೊದಲ ದಿನ ಬೆಳಗಿನ ಆರಕ್ಕೆ ತಾಲೆಕ್ ದ್ವಾರ ದಾಟಿದಾಗ ಇನ್ನೂ ಕತ್ತಲೆ. ಮಾರಾ ಸಮಭಾಜಕ ವೃತ್ತದಿಂದ ಕೇವಲ ಒಂದೂವರೆ ಡಿಗ್ರಿ ದಕ್ಷಿಣಕ್ಕಿರುವುದರಿಂದ ಅಲ್ಲಿ ಸೂರ್ಯ ಓರೆಯಾಗಿ ಏರುವುದಿಲ್ಲ, ಏಣಿ ಹತ್ತಿದಂತೆ ನೆಟ್ಟಗೆ ಮೇಲೇರುತ್ತಾನೆ. ಆರೂವರೆಗೆ ಕೆಂಪಾಗಿ ಕಂಡವನು ಎಂಟೂವರೆಗೆಲ್ಲ ಬೆಳ್ಳಗಾಗಿ, ಪ್ರಾಣಿಗಳ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳಿಸುತ್ತಾನೆ. ಅದಾದ ಮೇಲೆ ನೆಲ ಕಾದು ಗಾಳಿ ನಡುಗತೊಡಗಿದರೆ ಎಷ್ಟೇ ದುಬಾರಿ ಲೆನ್ಸಿನಲ್ಲಿ ತೆಗೆದರೂ ದೂರದ ಪ್ರಾಣಿಯ ರೋಮ ಕಲಸಿದ ಹಿಟ್ಟಿನಂತೆ ಕಾಣುತ್ತದೆ. ಹೀಗಾಗಿ ಬೆಳಗಿನ ಎರಡು ಗಂಟೆ, ಸಂಜೆಯ ಒಂದೂವರೆ ಗಂಟೆ, ಇಷ್ಟೇ ನಮ್ಮ ಬಂಡವಾಳ. ಆ ಹೊತ್ತಿನಲ್ಲಿ ಪ್ರಾಣಿ ಎಲ್ಲಿದೆ ಎಂಬುದಕ್ಕಿಂತಲೂ ಅದರ ಮತ್ತು ಸೂರ್ಯನ ನಡುವೆ ಗಾಡಿ ಎಲ್ಲಿ ನಿಲ್ಲಬೇಕು ಎಂಬುದು ಮುಖ್ಯವಾಗುತ್ತದೆ. ಬೆಳಕು ಬೆನ್ನಿಗಿದ್ದರೆ ಬಣ್ಣ ಸಿಗುತ್ತದೆ. ಎದುರಿಗಿದ್ದರೆ, ಎಕ್ಸ್‌ಪೋಷರನ್ನು ಒಂದೆರಡು ಹಂತ ಇಳಿಸಿಕೊಂಡರೆ, ಸಿಂಹಿಣಿಯ ಅಂಚಿನಲ್ಲಿ ಚಿನ್ನದ ಸರಿಗೆಯಷ್ಟು ಗೆರೆಯೊಂದು ಮಾತ್ರ ಉಳಿದು ಮಿಕ್ಕದ್ದೆಲ್ಲ ಕತ್ತಲಾಗುತ್ತದೆ. ನನಗೆ ಎರಡನೆಯದೇ ಇಷ್ಟ. ತಂಡದವರಿಗೆ ಮೊದಲನೆಯದು, ಏಕೆಂದರೆ ಮನೆಯವರು ನೋಡಿದಾಗ ಸಿಂಹ ಸಿಂಹದಂತೆ ಕಾಣಬೇಕಲ್ಲ.

ಬಂಡೀಪುರ, ಕಬಿನಿಗಳಲ್ಲಿ ಪಳಗಿದವರಿಗೆ ಮಾರಾದಲ್ಲಿ ಕಿವಿಯ ಕೆಲಸ ಕಡಿಮೆ. ಅಲ್ಲಿ ಲಂಟಾನದ ಪೊದೆಯಾಚೆ ಕಾಣದ ಹುಲಿಯನ್ನು ಜಿಂಕೆಯ ಕೂಗು, ಮುಸುವದ ಕೂಗು ಹಿಡಿದು ಹುಡುಕುತ್ತೇವೆ. ಮಾರಾದ್ದು ಬಯಲು, ಇಲ್ಲಿ ಬೇರೆ ಪ್ರಾಣಿಗಳ ನೋಟವನ್ನು ಓದಬೇಕು. ನಾಲ್ಕು ಜಿರಾಫೆಗಳು ಮೇಯುವುದನ್ನು ಬಿಟ್ಟು ಒಂದೇ ದಿಕ್ಕಿಗೆ ಕತ್ತು ತಿರುಗಿಸಿ ನಿಂತಿದ್ದರೆ ಅತ್ತ ಏನೋ ಇದೆ ಎಂದರ್ಥ. ಟೋಪಿ ಎಂಬ ಜಿಂಕೆಜಾತಿಯ ಪ್ರಾಣಿಯೂ ಗೆದ್ದಲಿನ ಹುತ್ತದ ಮೇಲೆ ಹತ್ತಿ ಕಾವಲು ಕಾಯುತ್ತದೆ. ದೂರದಿಂದ ಹುತ್ತದ ಮೇಲಿನ ಕಂದು ಆಕೃತಿಯನ್ನು ಸಿಂಹವೆಂದು ನಂಬಿ ನಾವು ಮೂರು ಸಲ ಗಾಡಿ ತಿರುಗಿಸಿದೆವು. ಪ್ರಾಣಿಯ ಹೆಸರು ಕೇಳಿದ ಡಾಕ್ಟರು, "ಹೆಸರಿಗೆ ತಕ್ಕ ಹಾಗೆ ಹಾಕಿತಲ್ಲ ನಮಗೆ" ಎಂದರು. ಈ ನಗೆಯ ಕಾರಣವನ್ನು ನಮ್ಮ ಚಾಲಕರಿಗೆ ವಿವರಿಸಲು ನಾನು ಪಟ್ಟ ಪಾಡು ಬೇಡ.

ಎರಡನೆಯ ದಿನ ಚೀತಾ ಸಿಕ್ಕಿತು. ಕನ್ನಡದಲ್ಲಿ ಶಿವಂಗಿ ಎಂಬ ಹೆಸರಿದೆಯಾದರೂ ಈಗ ಯಾರೂ ಬಳಸುವುದಿಲ್ಲ. ಚಿರತೆಯೆಂದು ಬರೆದರೆ ಬೇರೆಯೇ ಪ್ರಾಣಿಯಾಗುತ್ತದೆ. ನಮ್ಮ ದೇಶದಲ್ಲಿ 1952ರಲ್ಲಿ ಅಳಿದುಹೋಯಿತೆಂದು ಸಾರಲಾದ, 2022ರಲ್ಲಿ ನಮೀಬಿಯಾದಿಂದ ಕುನೋಗೆ ತರಲಾದ ಆ ಪ್ರಾಣಿಯನ್ನು ಮೊದಲ ಸಲ ಕಣ್ಣಾರೆ ಕಂಡ ನಮ್ಮವರಿಗೆ ಆದ ಪುಳಕವನ್ನು ನಾನು ಬಲ್ಲೆ. ತಾಯಿಯ ಜೊತೆಗೆ ಮೂರು ಮರಿಗಳಿದ್ದವು. ಬೆನ್ನಿನ ಮೇಲಿನ ಬೂದು ಕೂದಲಿನ್ನೂ ಉದುರಿರಲಿಲ್ಲ. ನಾವು ಹೋದಾಗ ನಾಲ್ಕು ಗಾಡಿಗಳಿದ್ದವು, ಹತ್ತು ನಿಮಿಷದಲ್ಲಿ ಹನ್ನೊಂದಾದವು. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದೆಂಬ ನಿಯಮವಿದೆ, ನಿಯಮವನ್ನು ಕಾಯುವ ರೇಂಜರುಗಳು ಎಲ್ಲ ಕಡೆ ಇರಲಾರರು. ತಾಯಿ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಗಾಡಿಗಳು ಅಡ್ಡ ಬರುವುದು, ಅವಳು ಮತ್ತೆ ಕೂರುವುದು ನಡೆದೇ ಇತ್ತು. ಸಿಂಹ ರಾತ್ರಿ ಬೇಟೆಯಾಡಿ ಹಗಲು ಮಲಗಬಲ್ಲದು. ಚೀತಾ ಬೇಟೆಯಾಡುವುದು ಹೆಚ್ಚಾಗಿ ಹಗಲಿನಲ್ಲೇ, ಅಂದರೆ ನಾವೆಲ್ಲ ಅದರ ಸುತ್ತ ನೆರೆಯುವ ಹೊತ್ತಿನಲ್ಲೇ. ಗಾಡಿಗಳ ಗುಂಪು ಕಂಡ ಕತ್ತೆಕಿರುಬಗಳಿಗೂ ಅಲ್ಲಿ ಊಟವಿದೆಯೆಂಬುದು ಗೊತ್ತಾಗುತ್ತದೆ. ಮಾರಾದ ಚೀತಾಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ತಾಯಿ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಬೆಳೆಸಿ ದೊಡ್ಡದು ಮಾಡಿದರೆ, ಪ್ರವಾಸಿಗರು ಕಿಕ್ಕಿರಿಯುವ ಕಡೆ ಆ ಸರಾಸರಿ 0.2ಕ್ಕೆ ಇಳಿದಿತ್ತು.

ನಾನು ಚಾಲಕರ ಕಡೆ ನೋಡಿದೆ. ಅವರು ನನ್ನ ಮಾತಿಗೇ ಕಾದಿದ್ದರೇನೋ, ಗಾಡಿಯನ್ನು ಹಿಂದಕ್ಕೆ ತೆಗೆದು ಮುನ್ನೂರು ಮೀಟರ್ ದೂರದ ದಿಬ್ಬದ ಮೇಲೆ ನಿಲ್ಲಿಸಿದರು. ಹುಬ್ಬಳ್ಳಿಯ ಬ್ಯಾಂಕ್ ಉದ್ಯೋಗಿ, ಹೆಂಡತಿಯೊಂದಿಗೆ ಬಂದವರು, ತಿರುಗಿ ಕೇಳಿದರು: "ಏನ್ ಸರ, ಸಾಲ ಮಾಡಿ ಬಂದೇವಿ ಇಷ್ಟು ದೂರ. ನಾವೊಬ್ಬರು ಹೋದರ ಉಳದ ಹತ್ತು ಗಾಡಿ ಹೋಗತಾವೇನು?" ಆ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ, ಈಗಲೂ ಇಲ್ಲ. ಉಳಿದ ಹತ್ತು ಹೋಗಲಿಲ್ಲ. ಜುಲೈಯಿಂದ ಡಿಸೆಂಬರಿನವರೆಗೆ ಹೊರದೇಶದವರಿಗೆ ಪ್ರವೇಶ ಶುಲ್ಕವೇ ದಿನಕ್ಕೆ 200 ಡಾಲರ್ ಇರುವಾಗ ಅವರ ಸಿಟ್ಟನ್ನು ತಪ್ಪೆನ್ನಲೂ ಆಗದು. ಆ ರಾತ್ರಿ ಊಟದ ಮೇಜಿನಲ್ಲಿ ಗಂಡಹೆಂಡಿರಿಬ್ಬರೂ ನನ್ನೊಡನೆ ಮಾತನಾಡಲಿಲ್ಲ.

ಮಾತು ಮರಳಿದ್ದು ಮಳೆಯಿಂದ. ಮೂರನೆಯ ದಿನ ಮಧ್ಯಾಹ್ನ ಅರ್ಧ ಗಂಟೆ ಸುರಿದು ನಿಂತ ಮಳೆಗೆ ದಾರಿಯೆಲ್ಲ ಬೆಣ್ಣೆಯಾಯಿತು. ಮಾರಾದ ಬಹುಪಾಲು ತಗ್ಗುಗಳಲ್ಲಿ ಹತ್ತಿ ಬೆಳೆಯುವ ನೆಲದಂಥ ಕಪ್ಪು ಮಣ್ಣಿದೆ. ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಚಕ್ರವನ್ನು ನುಂಗುತ್ತದೆ. ನಮ್ಮ ಗಾಡಿಯ ಹಿಂದಿನ ಎರಡು ಚಕ್ರ ಅಚ್ಚಿನವರೆಗೆ ಇಳಿದವು. ಚಾಲಕರು ಸುತ್ತಮುತ್ತ ಚೆನ್ನಾಗಿ ನೋಡಿ, ಇಳಿದು, ಜ್ಯಾಕ್ ಕೊಟ್ಟು ಚಕ್ರದಡಿ ಕಲ್ಲು ತುರುಕತೊಡಗಿದರು. ಅದನ್ನೇ ನೋಡುತ್ತಿದ್ದ ಹುಬ್ಬಳ್ಳಿಯ ಹೆಣ್ಣುಮಗಳು, "ಇದು ಥೇಟ್ ನಮ್ಮ ಎರಿ ಹೊಲ ರೀ ಸರ. ಮಳಿ ಆದ ಮ್ಯಾಲ ನಮ್ಮಪ್ಪ ಎತ್ತಿನ ಬಂಡಿನೂ ಇಳಸತಿದ್ದಿಲ್ಲ" ಎಂದರು. ಅವರ ತವರು ಗದಗಿನ ಕಡೆಯ ಹಳ್ಳಿಯಂತೆ. ಎರಡನೆಯ ಗಾಡಿ ಬಂದು ಪಟ್ಟಿ ಕಟ್ಟಿ ಎಳೆಯುವವರೆಗಿನ ಒಂದೂವರೆ ಗಂಟೆ ಅವರು ಎರೆಮಣ್ಣಿನ ಗುಣದೋಷಗಳನ್ನು ಹೇಳುತ್ತಿದ್ದರು, ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ, ಕೆಸರು ಮೆತ್ತಿದ ಮಸಾಯಿ ಗೃಹಸ್ಥರು ಒಪ್ಪಿ ತಲೆಯಾಡಿಸುತ್ತಿದ್ದರು.

ನಾಲ್ಕನೆಯ ದಿನ ನದಿ. ಗಡಿಯಾಚೆಯ ತಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ಮೇವು ಹುಡುಕಿ ಬರುವ, ಹುಲ್ಲೆಜಾತಿಯ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳಲ್ಲಿ ಒಂದು ಭಾಗ ಜುಲೈಯಿಂದ ಅಕ್ಟೋಬರ್ ತನಕ ಮಾರಾದಲ್ಲಿರುತ್ತದೆ. ಅವು ನದಿಯನ್ನು ಒಮ್ಮೆ ದಾಟಿ ಸುಮ್ಮನಾಗುವುದಿಲ್ಲ. ಮಳೆ ಬಿದ್ದ ಕಡೆಯ ಹಸಿರು ಹಿಡಿದು ಆಚೆಗೂ ಈಚೆಗೂ ಓಡಾಡುತ್ತಿರುತ್ತವೆ. ದಂಡೆಗೆ ಬಂದ ಹಿಂಡು ಐದು ನಿಮಿಷದಲ್ಲಿ ಧುಮುಕಬಹುದು, ಐದು ಗಂಟೆ ನಿಂತು ಹಿಂದಿರುಗಲೂಬಹುದು. ಬೆಳಿಗ್ಗೆ ಒಂಬತ್ತಕ್ಕೆ ಎದುರು ದಂಡೆಯಲ್ಲಿ ಎರಡು ಸಾವಿರದಷ್ಟು ನೆರೆದಿದ್ದವು. ಮೇಲಿನ ತಿರುವಿನಲ್ಲಿ ದಂಡೆ ಇಳಿಜಾರಾಗಿದೆ, ಅಲ್ಲಿಂದಲೇ ಇಳಿಯುತ್ತವೆ, ಅಲ್ಲಿಗೆ ಹೋಗೋಣ ಎಂದು ಚಾಲಕರು ಹೇಳಿದರು. ನಾನು ಒಪ್ಪಲಿಲ್ಲ. ಆ ತಿರುವಿನಲ್ಲಿ ಬೆಳಕು ಮುಖಕ್ಕೆ ಹೊಡೆಯುತ್ತಿತ್ತು, ಕೆಳಗಿನ ಜಾಗದಲ್ಲಿ ಬೆನ್ನಿಗಿತ್ತು, ಮೇಲಾಗಿ ಅಲ್ಲೊಂದು ಮೊಸಳೆಯೂ ಮಲಗಿತ್ತು. ಚಿತ್ರದ ಚೌಕಟ್ಟು ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು.

ಮೂರು ಗಂಟೆ ಕಾದೆವು. ಹನ್ನೆರಡೂಕಾಲಿಗೆ ಒಂದು ಜೀಬ್ರಾ ನೀರಿಗಿಳಿಯಿತು, ಮೇಲಿನ ತಿರುವಿನಲ್ಲಿ. ಅದರ ಹಿಂದೆ ಇಡೀ ಹಿಂಡು ಗೋಡೆ ಕುಸಿದಂತೆ ಇಳಿಯತೊಡಗಿತು. ನಾವು ನಿಂತಲ್ಲಿಂದ ಅದು ನಾನೂರು ಮೀಟರ್ ದೂರ, ಮಧ್ಯೆ ಪೊದೆ, ಮೇಲೆ ದೂಳು. ದಾಟು ಶುರುವಾದ ಮೇಲೆ ದಂಡೆಗೆ ಗಾಡಿ ನುಗ್ಗಿಸಿದರೆ ಹಿಂಡು ಬೆದರಿ ಒಡೆಯುತ್ತದೆ, ಕರುಗಳು ತಾಯಿಯಿಂದ ಬೇರಾಗುತ್ತವೆ. ಅದನ್ನು ಇತರರಿಗೆ ಹೇಳಿಕೊಡುವವನೇ ನಾನಾದ್ದರಿಂದ ಅಲ್ಲಾಡುವಂತಿರಲಿಲ್ಲ. ಇಪ್ಪತ್ತು ನಿಮಿಷ ಗಂಟಲ ಸದ್ದು, ನೀರಿನ ಸದ್ದು ಕೇಳುತ್ತ ಕೂತೆವು. ಡಾಕ್ಟರು ತೆಗೆದ ಎಂಬತ್ತು ಫ್ರೇಮುಗಳಲ್ಲಿ ದೂಳಿನ ಮೇಲೆ ಕೆಲವು ಕೊಂಬುಗಳಿದ್ದವು. ಚಾಲಕರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ತಪ್ಪು ನನ್ನದೆಂದು ಎರಡೂ ಗಾಡಿಯವರಿಗೆ ಅಲ್ಲೇ ಹೇಳಿದೆ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ, "ಇಂದು ಎಲ್ಲಿ ನಿಲ್ಲೋಣ?" ಎಂದು ಕೇಳಿದರು. "ನೀವು ಹೇಳಿದ ಕಡೆ" ಎಂದೆ. ಅವರು ಆರಿಸಿದ ಜಾಗದಲ್ಲಿ ಬೆಳಕು ಕೆಟ್ಟದಾಗಿತ್ತು, ನಾನು ಬಾಯಿ ಬಿಡಲಿಲ್ಲ. ಹಿಂಡು ಎದುರು ದಂಡೆಗೆ ಬಂದು ನಿಂತಿತು, ಮುಂದಿನವು ನೀರನ್ನು ಮೂಸಿದವು, ಹಿಂದಿನವು ನೂಕಿದವು. ಹನ್ನೊಂದಾಯಿತು, ಒಂದಾಯಿತು. ಗಾಡಿಯೊಳಗೆ ಚಪಾತಿ, ಬೇಯಿಸಿದ ಮೊಟ್ಟೆ, ಹುಬ್ಬಳ್ಳಿಯವರ ಡಬ್ಬಿಯಿಂದ ಹೊರಬಂದ ಶೇಂಗಾ ಚಟ್ನಿ. ಈ ನಡುವೆ ಡಾಕ್ಟರು ನದಿಗೆ ಬೆನ್ನು ಹಾಕಿ ಬೇರೆ ಕೆಲಸ ಹಿಡಿದಿದ್ದರು. ಒಣಗಿದ ಅಕೇಶಿಯಾ ಕೊಂಬೆಯ ಮೇಲೆ ನೇರಳೆ ಎದೆಯ ನೀಲಕಂಠವೊಂದು ಕೂತಿತ್ತು, ನಮ್ಮ ರಾಜ್ಯಪಕ್ಷಿಯ ಆಫ್ರಿಕಾದ ದಾಯಾದಿ. ಕೂತಾಗ ಅದರ ಚಿತ್ರ ಯಾರು ಬೇಕಾದರೂ ತೆಗೆಯಬಹುದು, ಆದರೆ ಹಾರಿದ ಕ್ಷಣ ಬಿಚ್ಚುವ ರೆಕ್ಕೆಯ ನೀಲಿಯನ್ನು ಹಿಡಿಯುವುದು ಕಷ್ಟ. ಷಟರ್ ವೇಗವನ್ನು ಸೆಕೆಂಡಿನ 1/3200 ಭಾಗಕ್ಕೆ ಇಡಿ, ಹಕ್ಕಿ ಹಿಕ್ಕೆ ಹಾಕಿದರೆ ಹಾರಲಿದೆ ಎಂದು ತಿಳಿಯಿರಿ, ಎಂಜಿನ್ ಆರಿಸಿದೆ, ಗಾಡಿಯಲ್ಲಿ ಯಾರೂ ಅಲುಗಾಡಬೇಡಿ ಎಂದೆ. ಹುಬ್ಬಳ್ಳಿ ದಂಪತಿ ಕೈಯಲ್ಲಿದ್ದ ಚಪಾತಿಯನ್ನು ಹಾಗೇ ಹಿಡಿದು ಶಿಲೆಯಂತೆ ಕೂತರು. ಹಕ್ಕಿ ಏಳು ಸಲ ಕೆಳಗಿಳಿದು ಮಿಡತೆ ಹಿಡಿದು ಅದೇ ಕೊಂಬೆಗೆ ಮರಳಿತು, ಏಳೂ ಸಲ ಡಾಕ್ಟರಿಗೆ ಬರಿಯ ಕೊಂಬೆ ಸಿಕ್ಕಿತು.

ಮೂರೂವರೆಯ ಹೊತ್ತಿಗೆ ಎದುರು ದಂಡೆಯ ಹಿಂಡು ಒಂದೊಂದಾಗಿ ತಿರುಗಿ ಹುಲ್ಲಿನ ಕಡೆ ನಡೆಯಿತು. ಆ ದಿನ ಯಾವುದೂ ನದಿ ದಾಟಲಿಲ್ಲ. ಚಾಲಕರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಕೈಗೆ ಕೊಟ್ಟು, "ನ್ಯುಂಬುಗಳು ನನ್ನ ಮಾತನ್ನೂ ಕೇಳುವುದಿಲ್ಲ" ಎಂದರು. ವೈಲ್ಡ್‌ಬೀಸ್ಟಿಗೆ ಸ್ವಾಹಿಲಿಯಲ್ಲಿ ನ್ಯುಂಬು ಎನ್ನುತ್ತಾರೆ. ಆರರೊಳಗೆ ದ್ವಾರ ಸೇರಬೇಕಿತ್ತು. ಗಾಡಿ ಚಾಲೂ ಮಾಡಲೇ ಎಂದು ಅವರು ಕೀಲಿಗೆ ಕೈ ಹಾಕಿದಾಗ ಡಾಕ್ಟರು ಕಣ್ಣು ಕ್ಯಾಮೆರಾದಿಂದ ತೆಗೆಯದೆಯೇ ಎಡಗೈ ಎತ್ತಿ, "ಇನ್ನೊಂದು ಸಲ, ಹಿಕ್ಕೆ ಹಾಕಿತು" ಎಂದರು.