ಆಟಕ್ಕೆ ಮುಂಚಿನ ಪಸಡೀನಾ

ಡೆಟ್ರಾಯಿಟ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟ ಆ ವಿಮಾನದಲ್ಲಿ ಮುಕ್ಕಾಲು ಪಾಲು ಜನ ಹಳದಿ, ಇಲ್ಲಾ ಕಡುನೀಲಿ. ಟೋಪಿ, ಜರ್ಸಿ, ಸಾಕ್ಸು, ಒಬ್ಬ ಅಜ್ಜಿಯ ಕಿವಿಯೋಲೆ, ಎಲ್ಲ ಅದೇ ಬಣ್ಣ. ಮುಂದಿನ ಸಾಲಿನಲ್ಲಿ ಯಾರೋ 'ಗೋ' ಅಂದರೆ ಹಿಂದಿನಿಂದ ಹತ್ತಾರು ದನಿ 'ಬ್ಲೂ' ಅನ್ನುತ್ತಿತ್ತು. 2023ರ ಡಿಸೆಂಬರ್ 29. ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಜನವರಿ 1ರಂದು ಲಾಸ್ ಏಂಜಲೀಸ್ ಪಕ್ಕದ ಪಸಡೀನಾದ ರೋಸ್ ಬೌಲ್‌ನಲ್ಲಿ ಅಲಬಾಮಾ ಎದುರು ಆಡುವುದಿತ್ತು. ನಾವೆಲ್ಲ ಅದಕ್ಕೇ ಹೊರಟವರು.

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು, ಎದುರಿಗೆ ಬಂದವರನ್ನು ಗುದ್ದಿಕೊಂಡು ಮುಂದೆ ಹೋಗುವ ಆಟ. ಎಂಎಸ್ ಮಾಡಲು ಆನ್ ಆರ್ಬರ್‌ಗೆ ಬಂದಾಗ ನನಗೆ ಇದರ ತಲೆಬುಡ ಗೊತ್ತಿರಲಿಲ್ಲ. ರೂಮ್‌ಮೇಟ್ ಒಬ್ಬ ಸ್ಟೇಡಿಯಂಗೆ ಎಳೆದುಕೊಂಡು ಹೋದ. 'ಬಿಗ್ ಹೌಸ್' ಅಂತ ಕರೆಯುವ ಅಲ್ಲಿ 1,07,601 ಜನ ಕೂರಬಹುದು. ಕಾಲೇಜು ಹುಡುಗರ ಆಟಕ್ಕೆ ಇಷ್ಟು ಜನವಾ ಅಂತ ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಓದು ಮುಗಿಯಿತು, ಕೆಲಸ ಸಿಕ್ಕಿತು, ಕೂದಲು ಉದುರಿತು. ಈ ಹುಚ್ಚು ಮಾತ್ರ ಹೋಗಲಿಲ್ಲ.

ಬೌಲ್ ಅಂದರೆ ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಒಂದು ದೊಡ್ಡ ಆಟ. ಹೆಚ್ಚಿನವು ಬಿಸಿಲಿರುವ ಊರುಗಳಲ್ಲೇ ನಡೆಯುತ್ತವೆ. ಆ ವರ್ಷ ರೋಸ್ ಬೌಲ್ ರಾಷ್ಟ್ರೀಯ ಪ್ರಶಸ್ತಿಯ ಸೆಮಿಫೈನಲ್ ಕೂಡ ಆಗಿತ್ತು. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ: ಓವರ್‌ಟೈಮ್‌ನಲ್ಲಿ 27-20ಕ್ಕೆ ನಾವು ಗೆದ್ದೆವು, ವಾರದ ನಂತರ ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನೂ ಸೋಲಿಸಿ ಪ್ರಶಸ್ತಿ ತಂದೆವು. ಅದರ ವಿಡಿಯೋ ಬೇಕಾದಷ್ಟಿದೆ, ನೋಡಿಕೊಳ್ಳಿ. ನಾನು ಬರೆಯಬೇಕು ಅಂದುಕೊಂಡಿದ್ದು ಆಟ ಶುರುವಾಗುವ ಮುಂಚಿನ ಹೊತ್ತಿನ ಬಗ್ಗೆ. ಹೊಟ್ಟೆ ತೊಳೆಸುವ, ನಿದ್ದೆ ಬರದ, ಆದರೂ ಯಾವ ಕಾರಣಕ್ಕೂ ತಪ್ಪಿಸಿಕೊಳ್ಳಬಾರದ ಹೊತ್ತು ಅದು.

ಏರ್‌ಪೋರ್ಟಿಗೆ ಭಾವ ಬಂದಿದ್ದರು. ನನ್ನ ಹೆಂಡತಿಯ ಅಕ್ಕನ ಗಂಡ, ಬಸವನಗುಡಿಯವರು, ಎಷ್ಟೋ ವರ್ಷದಿಂದ ಲಾಸ್ ಏಂಜಲೀಸ್ ಕಡೆ ಇದ್ದಾರೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಇಲ್ಲ ಅವರಿಗೆ. ಕಾರು ಹತ್ತುತ್ತಿದ್ದ ಹಾಗೇ 'ಏನಪ್ಪಾ, ನಿಮ್ಮ ಟೀಮು ಗೆಲ್ಲತ್ತಾ?' ಅಂತ ಕೇಳಿದರು.

'ಗೊತ್ತಿಲ್ಲ ಭಾವ. ಭಯ ಆಗ್ತಿದೆ.'

'ಈ ವರ್ಷ ಒಂದೂ ಸೋತಿಲ್ಲ ಅಂದ್ರು ನಿಮ್ಮಕ್ಕ?'

'ಹದಿಮೂರಕ್ಕೆ ಹದಿಮೂರೂ ಗೆದ್ದಿದ್ದೀವಿ. ಅದಕ್ಕೇ ಭಯ.'

ಅವರಿಗೆ ಹಿಂದಿನ ಕಥೆ ಹೇಳಬೇಕಾಯಿತು. ಆಗಿನ ನಮ್ಮ ಕೋಚ್ ಜಿಮ್ ಹಾರ್ಬಾ 2016ರ ಜನವರಿಯಲ್ಲಿ ಸಿಟ್ರಸ್ ಬೌಲ್‌ನಲ್ಲಿ ಫ್ಲೋರಿಡಾವನ್ನು 41-7ಕ್ಕೆ ಚಚ್ಚಿ ಹಾಕಿದ್ದರು. ಆಮೇಲೆ ಆಡಿದ ಬೌಲ್‌ಗಳಲ್ಲಿ ಒಂದೂ ಗೆದ್ದಿರಲಿಲ್ಲ. ಸಾಲಾಗಿ ಆರು ಸೋಲು. ಅದರಲ್ಲೊಂದು ಇದೇ ಅಲಬಾಮಾ ಎದುರು, 35-16. ಕೊನೆಯ ಎರಡು ಇನ್ನೂ ಹಸಿ ಗಾಯ. 2021ರ ಡಿಸೆಂಬರ್ 31ರಂದು ಜಾರ್ಜಿಯಾ ನಮ್ಮನ್ನು 34-11ಕ್ಕೆ ಅರೆದು ಹಾಕಿತು. ಮರುವರ್ಷ ಅದೇ ದಿನ ಟಿಸಿಯು, ಅಂದರೆ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಎದುರು 51-45. ಎರಡೂ ಸೆಮಿಫೈನಲ್. ಟಿಸಿಯು ಆಟದಲ್ಲಿ ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿಯ ಎರಡು ಎಸೆತಗಳನ್ನು ಎದುರಾಳಿಗಳು ಕಸಿದುಕೊಂಡು ಹೋಗಿ ನಮ್ಮ ಕೊನೆಯ ಗೆರೆ ದಾಟಿಸಿ, ಅಂದರೆ ಟಚ್‌ಡೌನ್ ಮಾಡಿ, ಅಂಕ ಗಳಿಸಿದ್ದರು. ಆಟ ಮುಗಿದ ಮೇಲೆ ಆ ಹುಡುಗ ಒಳಗೆ ಹೋಗದೆ, ಎದುರಾಳಿಗಳ ಸಂಭ್ರಮ ನೋಡುತ್ತಾ ಮೈದಾನದಲ್ಲೇ ಉಳಿದಿದ್ದ.

ಭಾವ ಸ್ವಲ್ಪ ಹೊತ್ತು ಸುಮ್ಮನೆ ಕಾರು ಓಡಿಸಿದರು. ಆಮೇಲೆ, 'ಅಂದ್ರೆ ನಿಮ್ದು ಆರ್‌ಸಿಬಿ ಕಥೆ ಅನ್ನು' ಅಂದರು. ಆಗಿನ್ನೂ ಆರ್‌ಸಿಬಿ ಕಪ್ ಗೆದ್ದಿರಲಿಲ್ಲ. ನಾನು ಎದುರು ಮಾತಾಡಲಿಲ್ಲ.

ಆ ವರ್ಷದ ರಗಳೆ ಬೇರೆ ಇತ್ತು. ಆಗ ಕಾಲೇಜು ಆಟಗಳಲ್ಲಿ ಮೈದಾನದ ಅಂಚಿನಿಂದ ಕೈಸನ್ನೆ ಮಾಡಿ ಮುಂದಿನ ನಡೆ ಹೇಳುತ್ತಿದ್ದರು. ಆಟದ ನಡುವೆ ಎದುರಾಳಿಯ ಸನ್ನೆ ನೋಡಿ ಊಹಿಸಿದರೆ ತಪ್ಪಲ್ಲ. ಮುಂದೆ ಎದುರಾಗುವ ತಂಡದ ಆಟಗಳಿಗೆ ಮೊದಲೇ ಜನರನ್ನು ಕಳಿಸಿ ಗಮನಿಸುವುದಕ್ಕೆ ಮಾತ್ರ ನಿಷೇಧ ಇದೆ. ನಮ್ಮ ತಂಡದ ಸಿಬ್ಬಂದಿಯೊಬ್ಬರು ಅದನ್ನೇ ಮಾಡಿಸುತ್ತಿದ್ದರು ಅನ್ನೋ ಆರೋಪ ಅಕ್ಟೋಬರ್‌ನಲ್ಲಿ ಹೊರಬಿತ್ತು. ರೆಗ್ಯುಲರ್ ಸೀಸನ್ನಿನ ಕೊನೆಯ ಮೂರು ಆಟಕ್ಕೆ ಹಾರ್ಬಾ ಅವರನ್ನು ಹೊರಗಿಟ್ಟರು. ನಮ್ಮವರು ಮಾಡಿದ್ದೆಲ್ಲ ಸರಿ ಅಂತ ವಾದಿಸುವ ಹಟ ನನಗಿಲ್ಲ. ಆದರೆ ಆ ಮೂರು ಆಟಗಳನ್ನು ಹುಡುಗರು ಗೆದ್ದ ರೀತಿ ಇದೆಯಲ್ಲ, ಅದನ್ನು ಯಾರೂ ಸನ್ನೆ ಕದ್ದು ಮಾಡಲಾಗುವುದಿಲ್ಲ. ಪೆನ್ ಸ್ಟೇಟ್ ಎದುರು ಕೊನೆಯ 32 ಸಲ ಚೆಂಡನ್ನು ಎಸೆಯಲೇ ಇಲ್ಲ, ಓಡಿದ್ದೇ ಓಡಿದ್ದು. ಏನು ಮಾಡುತ್ತೇವೆ ಅಂತ ಎದುರಾಳಿಗೆ ಗೊತ್ತಿತ್ತು, ತಡೆಯಲು ಆಗಲಿಲ್ಲ. ಹಾರ್ಬಾ ಬದಲಿಗೆ ನಿಂತಿದ್ದ ಶೆರೋನ್ ಮೂರ್ ಟಿವಿ ಮುಂದೆ ಗಳಗಳ ಅತ್ತರು. ಒಹಾಯೋ ಸ್ಟೇಟ್ ಎದುರಿನ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ನಮ್ಮ ಗಟ್ಟಿ ಆಳು ಝ್ಯಾಕ್ ಝಿಂಟರ್ ಕಾಲು ಮುರಿದುಕೊಂಡ. ಅವನನ್ನು ಕರೆದೊಯ್ದ ಬೆನ್ನಿಗೇ, ಮುಂದಿನ ನಡೆಯಲ್ಲೇ, ಬ್ಲೇಕ್ ಕೋರಂ 22 ಗಜ ಓಡಿ ಟಚ್‌ಡೌನ್ ಮಾಡಿದ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮನ್ನುತ್ತದೆ.

ಝಿಂಟರ್ ಇಲ್ಲದೆ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುವ ಅಲಬಾಮಾದ ಡಲಾಸ್ ಟರ್ನರ್‌ನನ್ನು ಹೇಗೆ ತಡೆಯೋದು? ನನ್ನ ತಲೆಯಲ್ಲಿ ಕೊರೆಯುತ್ತಿದ್ದಿದ್ದು ಇದೇ. ನಮ್ಮ ಡಿಫೆನ್ಸ್ ಬಗ್ಗೆ ಚಿಂತೆ ಇರಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ ಜೇಲನ್ ಮಿಲ್ರೋ ಓಟದಲ್ಲಿ ಗಾಳಿ, ಆದರೆ ಎಸೆಯುವ ಮುಂಚೆ ಚೆಂಡನ್ನು ಜಾಸ್ತಿ ಹೊತ್ತು ಕೈಯಲ್ಲಿ ಇಟ್ಟುಕೊಳ್ಳುತ್ತಾನೆ. ಅಲ್ಲೇ ಅವನನ್ನು ಹಿಡಿಯಬಹುದು ಅಂತ ನನ್ನ ಲೆಕ್ಕ. ಎದುರಾಳಿ ಕೋಚ್ ನಿಕ್ ಸೇಬನ್, ಅಲಬಾಮಾದಲ್ಲೇ ಆರು ಪ್ರಶಸ್ತಿ ಗೆದ್ದವರು, ಅನ್ನುವುದು ನೆನಪಾದಾಗಲೆಲ್ಲ ಈ ಲೆಕ್ಕ ಅಲ್ಲಾಡುತ್ತಿತ್ತು.

ಮರುದಿನ ಅಕ್ಕ ಮತ್ತು ನನ್ನ ಹೆಂಡತಿಗೆ ಹೊಸ ವರ್ಷದ ಹೂವಿನ ಮೆರವಣಿಗೆಯಾದ ರೋಸ್ ಪರೇಡ್‌ನ ರಥಗಳನ್ನು ಸಿಂಗರಿಸುವುದು ನೋಡಬೇಕಿತ್ತು. ನಾನು ಜೊತೆಗೆ ಹೋದೆ. ಹೋಗಿದ್ದು ಒಳ್ಳೆಯದಾಯಿತು. ದೊಡ್ಡ ಶೆಡ್ಡು, ಕಬ್ಬಿಣದ ಅಟ್ಟಣಿಗೆ, ಅಂಟಿನ ವಾಸನೆ, ಹೂವಿನ ವಾಸನೆ. ಈ ರಥಗಳ ಮೇಲೆ ಕಣ್ಣಿಗೆ ಕಾಣುವ ಒಂದೊಂದು ಅಂಗುಲವೂ ಹೂವು, ಎಲೆ, ತೊಗಟೆ, ಕಾಳು ಇಂಥದ್ದರಿಂದಲೇ ಮುಚ್ಚಿರಬೇಕು. ಬಣ್ಣ ಬಳಿಯುವಂತಿಲ್ಲ. ವಯಸ್ಸಾದ ಹೆಂಗಸೊಬ್ಬರು ಬ್ರಷ್‌ನಿಂದ ಅಂಟು ಸವರಿ, ಮಸೂರ್ ಬೇಳೆಯನ್ನು ಹಿಡಿಹಿಡಿಯಾಗಿ ಒತ್ತುತ್ತಿದ್ದರು. ಪಕ್ಕದ ಡಬ್ಬಗಳಲ್ಲಿ ಗಸಗಸೆ, ಅಕ್ಕಿ, ಕೆಂಪು ಮೆಣಸಿನ ಪುಡಿ. 'ನಮ್ಮ ಅಡಿಗೆಮನೆ ಸಾಮಾನೆಲ್ಲ ಇಲ್ಲೇ ಇದೆ, ಒಗ್ಗರಣೆ ಹಾಕೋದೊಂದು ಬಾಕಿ' ಅಂದರು ಅಕ್ಕ. ಗುಲಾಬಿಗಳ ವಿಷಯ ಇನ್ನೂ ನಾಜೂಕು. ಒಂದೊಂದು ಗುಲಾಬಿಯ ತೊಟ್ಟೂ ನೀರು ತುಂಬಿದ ಬೆರಳುದ್ದದ ಕೊಳವೆಯೊಳಗೆ, ಅದಕ್ಕೆ ರಬ್ಬರ್ ಮುಚ್ಚಳ. ಸಾವಿರಗಟ್ಟಲೆ ಕೊಳವೆಗಳನ್ನು ಹುಡುಗರು ಕೂತು ತುಂಬುತ್ತಿದ್ದರು. ಅಷ್ಟು ಹೊತ್ತು ಫುಟ್‌ಬಾಲ್ ನನ್ನ ತಲೆಯಿಂದ ಹೋಗಿತ್ತು.

ನಿಜ ಹೇಳಬೇಕೆಂದರೆ ಹೂವು ಮೊದಲು, ಫುಟ್‌ಬಾಲ್ ಆಮೇಲೆ ಬಂದಿದ್ದು. 1890ರಲ್ಲಿ ಪಸಡೀನಾದ ಒಂದು ಕ್ಲಬ್ಬಿನವರು ಹೊಸ ವರ್ಷಕ್ಕೆ ಹೂವಿನ ಮೆರವಣಿಗೆ ಶುರು ಮಾಡಿದರು. ಪೂರ್ವದವರೆಲ್ಲ ಹಿಮದಲ್ಲಿ ಹೂತುಹೋಗಿರುವಾಗ ನಮ್ಮಲ್ಲಿ ಹೂವು ಅರಳಿದೆ, ಬಂದು ನೋಡಿ ಅಂತ ಊರಿಗೆ ಜಾಹೀರಾತು ಕೊಡುವುದೇ ಉದ್ದೇಶ. 1902ರಲ್ಲಿ ಜನ ಸೇರಿಸಲು ಒಂದು ಫುಟ್‌ಬಾಲ್ ಆಟ ಇಟ್ಟರು. ಸ್ಟ್ಯಾನ್‌ಫರ್ಡ್ ಎದುರು ಯಾರು? ನಾವೇ, ಮಿಷಿಗನ್. 49-0 ಆಗಿದ್ದಾಗ, ಇನ್ನೂ ಎಂಟು ನಿಮಿಷ ಇರುವಂತೆಯೇ ಸ್ಟ್ಯಾನ್‌ಫರ್ಡ್‌ನವರು ಸಾಕಪ್ಪಾ ಅಂತ ಕೈಚೆಲ್ಲಿದರು. ಇಷ್ಟು ಏಕಪಕ್ಷೀಯ ಆಟ ಯಾರು ನೋಡುತ್ತಾರೆ ಅಂತ ಫುಟ್‌ಬಾಲನ್ನೇ ಕೈಬಿಟ್ಟು ರಥದೋಟ, ಉಷ್ಟ್ರಪಕ್ಷಿ ಓಟ ಎಲ್ಲ ಮಾಡಿಸಿದರು. ಒಮ್ಮೆ ಆನೆಗೂ ಒಂಟೆಗೂ ಪಂದ್ಯ ಇಟ್ಟರಂತೆ. ಆನೆ ಗೆದ್ದಿತು. ಫುಟ್‌ಬಾಲ್ ಮರಳಿದ್ದು 1916ರಲ್ಲಿ.

ಚಳಿಯಲ್ಲಿ ನಡುಗುವವರನ್ನು ಬಿಸಿಲಿಗೆ ಕರೆದು ಜೇಬು ಖಾಲಿ ಮಾಡಿಸುವ ಆ ಉಪಾಯ ಇವತ್ತಿಗೂ ನಡೆಯುತ್ತಿದೆ. ನಾನೇ ಸಾಕ್ಷಿ. ಟಿಕೆಟ್‌ಗೆ ಎಷ್ಟು ಕೊಟ್ಟೆ ಅಂತ ಊರಲ್ಲಿರುವ ಅಮ್ಮನಿಗೆ ಈವರೆಗೂ ಹೇಳಿಲ್ಲ.

ಡಿಸೆಂಬರ್ 31ರ ರಾತ್ರಿ ಕೊಲರಾಡೋ ಬುಲೆವಾರ್ಡ್ ನೋಡಬೇಕು. ಮೆರವಣಿಗೆ ನೋಡಲು ಜನ ಮಧ್ಯಾಹ್ನದಿಂದಲೇ ಫುಟ್‌ಪಾತ್ ಮೇಲೆ ಜಾಗ ಹಿಡಿಯುತ್ತಾರೆ. ಕುರ್ಚಿ, ಗಾಳಿ ಹಾಸಿಗೆ, ಕಂಬಳಿ, ಒಂದು ಮನೆಯವರು ಸೋಫಾನೇ ತಂದಿದ್ದರು. ರಸ್ತೆಯಲ್ಲಿ ಒಂದು ನೀಲಿ ಗೆರೆ ಇದೆ. ರಾತ್ರಿ 11 ಆದ ಮೇಲೆ ಅಲ್ಲಿಯವರೆಗೆ ಮುಂದೆ ಬರಬಹುದು. ಅಷ್ಟೊತ್ತಿಗೆ ಇಡೀ ಬೀದಿ ಕುರ್ಚಿ ಎತ್ತಿಕೊಂಡು ಒಟ್ಟಿಗೆ ಮುಂದೆ ಸರಿಯುವುದನ್ನು ನೋಡುವುದೇ ಒಂದು ತಮಾಷೆ. ಹೋಗಿಬರುವ ಕಾರುಗಳ ಮೇಲೆ ಹುಡುಗರು ಮಾರ್ಷ್‌ಮೆಲ್ಲೋ, ಟಾರ್ಟಿಯಾ ಎಸೆಯುತ್ತಿದ್ದರು. ಪಕ್ಕದಲ್ಲಿ ಕಡುಗೆಂಪು ಜರ್ಸಿಯ ಅಲಬಾಮಾ ಕುಟುಂಬ. ನನ್ನ ಟೋಪಿ ನೋಡಿದ ಅವರ ಮಗ ಗಾಳಿಯಲ್ಲಿ ಏನೇನೋ ಕೈಸನ್ನೆ ಮಾಡಿ, 'ಬರ್ಕೊಳ್ಳಿ, ಬರ್ಕೊಳ್ಳಿ' ಅಂದ. ಭಾವ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡೋದು?

ಪರೇಡ್ ಬೆಳಿಗ್ಗೆ 8ಕ್ಕೆ ಶುರು. ಸುಮಾರು 9 ಕಿ.ಮೀ. ದಾರಿ. ರಥಗಳು, ಕುದುರೆಗಳು, ಬ್ಯಾಂಡುಗಳು. ಅದರ ವರ್ಣನೆಗೆ ಇಳಿಯುವುದಿಲ್ಲ, ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ. ನಮ್ಮ ಕಾಲೇಜಿನ ಬ್ಯಾಂಡ್ ಬಂದಾಗ ಮಾತ್ರ ಗಂಟಲು ಕಟ್ಟಿತು, ಅಷ್ಟೇ.

ಅಲ್ಲಿಂದ ಸ್ಟೇಡಿಯಂಗೆ ನಡೆದೇ ಹೋದೆವು. ಆರೆಂಜ್ ಗ್ರೋವ್ ಬುಲೆವಾರ್ಡ್ ದಾಟಿ ಇಳಿಜಾರಿನಲ್ಲಿ ಇಳಿದರೆ ಅರೋಯೋ ಸೆಕೋ ಕಣಿವೆ. 1922ರಲ್ಲಿ ಕಟ್ಟಿದ ಸ್ಟೇಡಿಯಂ ಇರುವುದು ಆ ತಗ್ಗಿನಲ್ಲೇ. ಕಾರು ನಿಲ್ಲಿಸುವುದು ಎಲ್ಲಿ ಗೊತ್ತಾ? ಪಕ್ಕದ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ. ಸಾವಿರಾರು ಕಾರು, ಡಿಕ್ಕಿ ತೆರೆದು ಒಲೆ ಹಚ್ಚಿ ಅಡಿಗೆ. ಇದಕ್ಕೆ ಟೇಲ್‌ಗೇಟ್ ಅನ್ನುತ್ತಾರೆ. ನನ್ನ ಹಳೇ ಕ್ಲಾಸ್‌ಮೇಟುಗಳು ಒಂದು ಮರದ ಕೆಳಗೆ ಜಾಗ ಹಿಡಿದಿದ್ದರು. ಅಕ್ಕ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಡಬ್ಬಿ ತೆಗೆದೆ. ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ.

ಪಕ್ಕದ ಟೆಂಟು ಅಲಬಾಮಾದವರದ್ದು. ಕಪ್ಪು-ಬಿಳಿ ಚೌಕಳಿ ಟೋಪಿಯ ಯಜಮಾನರೊಬ್ಬರು ಕುಕ್ಕರಿನಿಂದ ಏನೋ ಬಸಿಯುತ್ತಿದ್ದರು. ಭಾವ ಬಗ್ಗಿ ನೋಡಿ, ಕನ್ನಡದಲ್ಲೇ ಕೂಗಿದರು: 'ಲೋ, ಕಡ್ಲೆಕಾಯಿ ಕಣೋ!'

ನಿಜಕ್ಕೂ ಕಡ್ಲೆಕಾಯಿ. ಸಿಪ್ಪೆ ಸಮೇತ, ಉಪ್ಪು ನೀರಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಅಮೆರಿಕದ ದಕ್ಷಿಣದವರಿಗೆ ಅದು ಪ್ರಾಣ. ಒತ್ತಿದರೆ ಬಿಸಿ ನೀರು ಚಿಲ್ಲನೆ ಹಾರಿ ಅಂಗಿ ಮೇಲೆ. ಬೀಜ ಬೆಣ್ಣೆಯಷ್ಟು ಮೆತ್ತಗೆ, ನಮ್ಮದಕ್ಕಿಂತ ಉಪ್ಪು ಒಂದು ಕೈ ಮುಂದೆ. ಭಾವ ಕುರ್ಚಿ ಎಳೆದುಕೊಂಡು ಅಲ್ಲೇ ಕೂತುಬಿಟ್ಟರು. ಕಾರ್ತಿಕ ಮಾಸದಲ್ಲಿ ಬಸವನಗುಡಿಯಲ್ಲಿ ಕಡಲೆಕಾಯಿಗೆ ಅಂತಲೇ ಪರಿಷೆ ನಡೆಯುತ್ತದೆ, ಮೊದಲ ಪಾಲು ದೊಡ್ಡ ಬಸವಣ್ಣನಿಗೆ ಅಂತ ಅವರು ವಿವರಿಸಿದರು. ಯಜಮಾನರು 1926ರಲ್ಲಿ ಅಲಬಾಮಾ ಇಲ್ಲೇ ವಾಷಿಂಗ್ಟನ್ ತಂಡವನ್ನು 20-19ಕ್ಕೆ ಸೋಲಿಸಿದ ಕಥೆ ಹೇಳಿದರು. ದಕ್ಷಿಣದವರಿಗೆ ಆಡಲು ಬರುತ್ತಾ ಅಂತ ಮೂಗು ಮುರಿದಿದ್ದವರ ಬಾಯಿ ಮುಚ್ಚಿಸಿದ ಆಟ ಅದು. ಅವರ ಕಾಲೇಜಿನ ಹಾಡಿನಲ್ಲೂ ರೋಸ್ ಬೌಲ್ ಬರುತ್ತದೆ. ಹೊರಡುವಾಗ ಭಾವನ ಕೈಗೆ ಒಂದು ಕವರ್ ತುಂಬಾ ಕಡ್ಲೆಕಾಯಿ ಕೊಟ್ಟು, ನನ್ನ ಕಡೆ ತಿರುಗಿ 'ನಿಮಗೆ ಒಳ್ಳೆಯದಾಗಲಿ, ಆದರೆ ಇವತ್ತಲ್ಲ' ಅಂದರು.

ಗೇಟಿನಲ್ಲಿ ಆ ಕವರನ್ನು ಒಳಗೆ ಬಿಡಲಿಲ್ಲ. ಭಾವ ಅಲ್ಲೇ ನಿಂತು ಆದಷ್ಟನ್ನು ತಿಂದು ಮುಗಿಸಿದರು.

ಒಳಗೆ ಅರ್ಧ ಕೆಂಪು, ಅರ್ಧ ಹಳದಿ. ಉತ್ತರಕ್ಕೆ ಸ್ಯಾನ್ ಗೇಬ್ರಿಯಲ್ ಬೆಟ್ಟ. ಮಧ್ಯಾಹ್ನ 2ಕ್ಕೆ ಆಟ ಶುರು. ನಮಗೇ ಮೊದಲು ಚೆಂಡು ಸಿಕ್ಕಿತು. ಮೆಕಾರ್ಥಿ ಮೊದಲ ನಡೆಯಲ್ಲೇ ಎಸೆದ. ಅಲಬಾಮಾದ ಕೇಲಬ್ ಡೌನ್ಸ್ ಅಂಚಿನಲ್ಲಿ ಅದನ್ನು ಹಿಡಿದುಬಿಟ್ಟ.

ಕೆಂಪು ಅರ್ಧ ಎದ್ದು ಕುಣಿಯಿತು. ನಾನು ಟೋಪಿ ತೆಗೆದು ಮುಖಕ್ಕೆ ಮುಚ್ಚಿಕೊಂಡೆ. ಹಿಂದಿನ ಸಾಲಿನವನೊಬ್ಬ 'ಮತ್ತೆ ಶುರುವಾಯ್ತು' ಅಂತ ಗೊಣಗಿದ. ಅಂಪೈರ್‌ಗಳು ವಿಡಿಯೋ ನೋಡಿದರು. ಚೆಂಡು ಹಿಡಿಯುವ ಮುಂಚೆ ಡೌನ್ಸ್‌ನ ಕಾಲು ಗೆರೆಯಾಚೆ ಹೋಗಿತ್ತು. ಲೆಕ್ಕಕ್ಕಿಲ್ಲ ಅಂದರು. ಈಗ ಹಳದಿ ಅರ್ಧ ಕುಣಿಯಿತು. ಪರಿಚಯವೇ ಇಲ್ಲದ ಒಬ್ಬ ನನ್ನನ್ನು ಬಾಚಿ ತಬ್ಬಿಕೊಂಡ.

ಭಾವ ಸ್ಕೋರ್‌ಬೋರ್ಡ್ ನೋಡಿದರು, ನನ್ನ ಮುಖ ನೋಡಿದರು. 'ಇನ್ನೂ ಒಂದೇ ಬಾಲ್ ಆಗಿರೋದಾ?' ಅಂದರು.

'ಹೂಂ ಭಾವ. ಇನ್ನು ಮೂರು ಗಂಟೆ ಮೇಲಿದೆ, ಕೂತ್ಕೊಳ್ಳಿ.'