ಹಾವು, ಒಂಬತ್ತು

ಜುಲೈ 9, 2025, ಬುಧವಾರ

ಮ್ಯೂಸಿಯಂನಲ್ಲಿ ಇಂಟರ್ನ್‌ಶಿಪ್ ಶುರುವಾಗಿ ಐದನೇ ವಾರ. ಇವತ್ತು ಇಡೀ ಬೆಳಗ್ಗೆ ಒಂದು ಮುದ್ರೆಯ ಮುಂದೆ ಕೂತದ್ದೇ ಆಯಿತು. ಉಗುರಿಗಿಂತ ದೊಡ್ಡದೇನಲ್ಲ.

ಪೆಟ್ಟಿಗೆಯಿಂದ ಹೊರಬಂದದ್ದು ಜಪಾನಿನ ಚಿತ್ರಕಾರ ಹಿರೋಶಿಗೆಯ ಮಳೆಯ ಚಿತ್ರ, ಮರದ ಅಚ್ಚಿನಲ್ಲಿ ಮುದ್ರಿಸಿದ್ದು. ಈಗ ಟೋಕಿಯೊ ಆಗಿರುವ ಎದೋ ನಗರದ ನೂರು ನೋಟಗಳಲ್ಲಿ ಒಂದು (ಹೆಸರಿಗೆ ನೂರು, ಎಣಿಸಿದರೆ ಜಾಸ್ತಿ ಇವೆ). ಶಿನ್-ಓಹಾಶಿ ಸೇತುವೆ ಮೇಲೆ ಜನ ಕೊಡೆ, ಚಾಪೆ ಸಿಕ್ಕಿದ್ದು ಹಿಡಿದು ಓಡುತ್ತಿದ್ದಾರೆ. ಕೆಳಗೆ ನದಿಯಲ್ಲಿ ತೆಪ್ಪದವನೊಬ್ಬ ಗಳ ಹಾಕುತ್ತಿದ್ದಾನೆ. ವ್ಯಾನ್ ಗೋ 1887ರಲ್ಲಿ ಇದನ್ನೇ ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ನಾನೂ ಮೊದಲು ನೋಡಿದ್ದು ಆ ನಕಲನ್ನೇ.

ಹತ್ತಿರದಿಂದ ನೋಡಿದರೆ ತಲೆ ತಿರುಗುವುದು ಮಳೆಯ ಗೆರೆಗಳು. ಮರದ ಅಚ್ಚಿನಲ್ಲಿ ಗೆರೆಯನ್ನು ಕೊರೆಯುವುದಲ್ಲ, ಗೆರೆ ಬಿಟ್ಟು ಸುತ್ತಲಿನದೆಲ್ಲ ಕೆತ್ತಿ ತೆಗೆಯಬೇಕು. ಕೂದಲೆಳೆಯಷ್ಟು ಮರ ನಿಲ್ಲಬೇಕು, ಮುರಿಯಬಾರದು. ನನಗೆ ತೆಂಗಿನಕಾಯಿ ನೆಟ್ಟಗೆ ಒಡೆಯಲು ಬರುವುದಿಲ್ಲ.

ಮುದ್ರೆ ಇರುವುದು ಚಿತ್ರದ ಆಚೆ, ಅಂಚಿನ ಖಾಲಿ ಜಾಗದಲ್ಲಿ. ಎಷ್ಟೋ ಪ್ರತಿಗಳಲ್ಲಿ ಯಾರೋ ಅಂಚು ಕತ್ತರಿಸಿಬಿಟ್ಟಿರುತ್ತಾರೆ. ನಮ್ಮದರಲ್ಲಿ ಪುಣ್ಯಕ್ಕೆ ಉಳಿದಿದೆ. ಅದರಲ್ಲಿ ಎರಡೇ ಅಕ್ಷರ. ಎರಡನೆಯದು ಒಂಬತ್ತು. ಮೊದಲನೆಯದನ್ನು ಬೇರೇನೋ ಎಂದು ಓದಿ ಅರ್ಧ ಗಂಟೆ ಕಳೆದೆ. ಅದು ಹಾವಿನ ವರ್ಷದ ಅಕ್ಷರ (ಅಲ್ಲಿ ವರ್ಷಕ್ಕೊಂದು ಪ್ರಾಣಿ, ಹನ್ನೆರಡು ವರ್ಷಕ್ಕೊಮ್ಮೆ ಅದೇ ತಿರುಗಿ ಬರುತ್ತದೆ). ಅದಕ್ಕೂ ನಾನು ಓದಿಕೊಂಡದ್ದಕ್ಕೂ ನಮ್ಮ ಪ, ಷ ನಡುವಿನಷ್ಟೇ ವ್ಯತ್ಯಾಸ. ಹಾವು, ಒಂಬತ್ತು. ಅಂದರೆ 1857, ಒಂಬತ್ತನೇ ತಿಂಗಳು. ಖುಷಿಯಲ್ಲಿ ಡೇಟಾಬೇಸ್‌ಗೆ 'ಸೆಪ್ಟೆಂಬರ್ 1857' ಎಂದು ಹಾಕಿಯೂ ಬಿಟ್ಟೆ.

ಮಧ್ಯಾಹ್ನ ಕ್ಯುರೇಟರ್ ಹತ್ತಿರ ಬಂದು ನಿಂತರು. ಬೈಯಲಿಲ್ಲ. "ಅವರದು ಯಾವ ಕ್ಯಾಲೆಂಡರ್?" ಎಂದಷ್ಟೇ ಕೇಳಿ ಹೋದರು. ಥೂ. ಜಪಾನ್ ನಮ್ಮ ಈಗಿನ ಕ್ಯಾಲೆಂಡರಿಗೆ ಬಂದದ್ದು 1873ರಲ್ಲಿ. ಅದಕ್ಕೆ ಮುಂಚೆ ಚಾಂದ್ರಮಾನದ್ದೇ ಲೆಕ್ಕ, ಅಧಿಕ ಮಾಸವೂ ಉಂಟು. ಆ ವರ್ಷ ಐದನೇ ತಿಂಗಳೇ ಅಧಿಕ ಬಂದಿತ್ತು, ಹಾಗಾಗಿ ಒಂಬತ್ತನೆಯದು ಶುರುವಾದದ್ದೇ ಅಕ್ಟೋಬರ್ ನಡುವೆ. ಅದೂ ಸರ್ಕಾರದ ಪರೀಕ್ಷಕರು ಒಪ್ಪಿಗೆ ಕೊಟ್ಟ ತಿಂಗಳು, ಚಿತ್ರ ಬರೆದದ್ದಲ್ಲ. ಅಧಿಕ ಮಾಸದಲ್ಲಿ ಅಜ್ಜಿ ಅಪೂಪ ದಾನ ಕೊಡುವುದನ್ನು ನೋಡುತ್ತ ಬೆಳೆದವಳಿಗೆ ಇದು ಹೊಳೆಯಬಾರದೇ?

ರಾತ್ರಿ ತೀರ್ಥಹಳ್ಳಿಗೆ ಫೋನು. ಅಲ್ಲಿ ಬೆಳಗಿನ ಕಾಫಿ ಹೊತ್ತು. ವಿಷಯ ಕೇಳಿ ಅಜ್ಜ ಒಂದು ನಿಮಿಷ ಮಾತಾಡಲಿಲ್ಲ, ಬೆರಳೆಣಿಸುತ್ತಿದ್ದರು ಅಂತ ಕಾಣುತ್ತದೆ.

"ಪಿಂಗಳ ಸಂವತ್ಸರ ಕಣೇ ಅದು. ನಿಮ್ಮಪ್ಪನೂ ಪಿಂಗಳದವನೇ, ಎಪ್ಪತ್ತೇಳು."

ಲೆಕ್ಕ ಸರಿ. ನಮ್ಮ ಸಂವತ್ಸರಗಳೂ ಅರವತ್ತು, ಅವರ ಚಕ್ರವೂ ಅರವತ್ತು ವರ್ಷದ್ದು. 1857ಕ್ಕೆ ಎರಡು ಸುತ್ತು ಕೂಡಿಸಿದರೆ 1977. ಅಪ್ಪನದೂ ಹಾವಿನ ವರ್ಷ. ಈ ವರ್ಷವೂ ಹಾವಿನದೇ.

ಅಪ್ಪನಿಗೆ ಚಿತ್ರ ಕಳಿಸಿದೆ. ನಿಮ್ಮ ಸಂವತ್ಸರದ್ದು ಎಂದೂ ಬರೆದೆ. ಐದು ನಿಮಿಷದಲ್ಲಿ ಉತ್ತರ: "ಮಳೆ ಚೆನ್ನಾಗಿದೆ. ಇಲ್ಲಿ ನಿನ್ನೆಯಿಂದ ಕರೆಂಟಿಲ್ಲ."